4,000 ಡಾಲರ್ ಕಟ್ಟುವ ಮೊದಲು: ಮಕ್ಕಳ ಸೈಕಾಲಜಿ ಟೆಸ್ಟಿಂಗ್ ಮತ್ತು ಅಮೆರಿಕದ ಇನ್ಶೂರೆನ್ಸ್ (ಪ್ರಶ್ನೋತ್ತರ)

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಾಯಿ):

ನಮಸ್ಕಾರ ಮೇಡಂ. ಮಗನಿಗೆ ಎಂಟು ವರ್ಷ, ಪಬ್ಲಿಕ್ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಓದುವುದು ತುಂಬಾ ನಿಧಾನ, ಒಂದು ಕಡೆ ಕೂರುವುದೂ ಇಲ್ಲ. ಮಕ್ಕಳ ಡಾಕ್ಟರ್ "ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರಬಹುದು, ಡಿಸ್‌ಲೆಕ್ಸಿಯಾನೂ (ಓದುವುದರ ತೊಂದರೆ) ಇರಬಹುದು, ಪೂರ್ತಿ ಟೆಸ್ಟಿಂಗ್ ಮಾಡಿಸಿ" ಎಂದರು. ನೆಟ್‌ವರ್ಕ್‌ನಲ್ಲಿ (ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇರುವವರ ಪಟ್ಟಿಯಲ್ಲಿ) ಇರುವವರ ಹತ್ತಿರ ಎಂಟು ತಿಂಗಳ ವೇಟಿಂಗ್. ಹೊರಗಿನ ಒಬ್ಬರು ಮುಂದಿನ ತಿಂಗಳೇ ಮಾಡುತ್ತಾರಂತೆ. 4,000 ಡಾಲರ್, ಮೊದಲೇ ಕಟ್ಟಬೇಕು. ನಮ್ಮದು ಪಿಪಿಒ ಪ್ಲಾನ್, ಅಂದರೆ ನೆಟ್‌ವರ್ಕ್ ಹೊರಗಿನವರಿಗೂ ಒಂದಿಷ್ಟು ಕೊಡುವಂಥದ್ದು. ಫೋನ್ ಮಾಡಿದಾಗ "ಔಟ್ ಆಫ್ ನೆಟ್‌ವರ್ಕ್‌ಗೆ 60 ಪರ್ಸೆಂಟ್ ಕೊಡುತ್ತೇವೆ" ಎಂದರು. ಅಂದರೆ 2,400 ವಾಪಸ್ ಬರುತ್ತದೆ ಅಲ್ವಾ? ಕಟ್ಟಿಬಿಡೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):

ನಮಸ್ಕಾರ. ದಯವಿಟ್ಟು ಈ ವಾರ ಕಟ್ಟಬೇಡಿ. 2,400 ಬರುವ ಸಾಧ್ಯತೆ ಬಹಳ ಕಡಿಮೆ.

ಆ 60 ಪರ್ಸೆಂಟ್ ನಿಮ್ಮ ಬಿಲ್ ಮೇಲಲ್ಲ. ಈ ಕೆಲಸಕ್ಕೆ ಇಷ್ಟು ಸಾಕು ಅಂತ ಕಂಪನಿ ತಾನೇ ಒಂದು ಮೊತ್ತ ಇಟ್ಟುಕೊಂಡಿರುತ್ತದೆ. ಅದಕ್ಕೆ ಅಲೌಡ್ ಅಮೌಂಟ್ ಎನ್ನುತ್ತಾರೆ. ನಿಮ್ಮ ಬಿಲ್ 4,000, ಅವರ ಅಲೌಡ್ ಅಮೌಂಟ್ 2,200 ಎಂದುಕೊಳ್ಳಿ. ಔಟ್ ಆಫ್ ನೆಟ್‌ವರ್ಕ್ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನೀವೇ ಹಾಕಬೇಕಾದ ಮೊತ್ತ) ಬಹಳ ಪ್ಲಾನ್‌ಗಳಲ್ಲಿ ಬೇರೆಯೇ ಇರುತ್ತದೆ. ಅದು 1,500 ಇದೆ, ಈ ವರ್ಷ ನೀವು ಅದರಲ್ಲಿ ಏನೂ ಖರ್ಚು ಮಾಡಿಲ್ಲ ಎಂದುಕೊಳ್ಳಿ. 2,200ರಲ್ಲಿ 1,500 ಕಳೆದರೆ 700. ಅದರ 60 ಪರ್ಸೆಂಟ್ 420. ಅಷ್ಟೇ ಚೆಕ್ ಬರುವುದು. ಬಿಲ್‌ಗೂ ಅಲೌಡ್ ಅಮೌಂಟ್‌ಗೂ ಮಧ್ಯೆ ಇರುವ 1,800 ಸಾಮಾನ್ಯವಾಗಿ ನಿಮ್ಮ ವರ್ಷದ ಔಟ್ ಆಫ್ ಪಾಕೆಟ್ ಮಿತಿಗೂ (ವರ್ಷಕ್ಕೆ ನಿಮ್ಮ ಕೈಯಿಂದ ಹೋಗುವ ಗರಿಷ್ಠ ಮೊತ್ತ) ಸೇರುವುದಿಲ್ಲ. ಇದು ಬರೀ ಉದಾಹರಣೆ, ನಿಮ್ಮ ಪ್ಲಾನಿನ ಅಂಕಿ ಬೇರೆ ಇರಬಹುದು. ಆದರೆ ಲೆಕ್ಕ ಹಾಕುವ ದಾರಿ ಇದೇ.

ಹಾಗಾಗಿ ಮತ್ತೆ ಫೋನ್ ಮಾಡಿ. ಈ ಸಲ "ಟೆಸ್ಟಿಂಗ್ ಕವರ್ ಆಗುತ್ತಾ" ಎಂದು ಕೇಳಬೇಡಿ. ಕೋಡ್ ಹಿಡಿದು ಕೇಳಿ, ಅಂದರೆ ಬಿಲ್‌ನಲ್ಲಿ ಪ್ರತಿ ಕೆಲಸಕ್ಕೂ ಹಾಕುವ ಸಂಖ್ಯೆ. ಕೋಡ್‌ಗಳು ಮತ್ತು ಒಂದೊಂದಕ್ಕೂ ಎಷ್ಟು ಯೂನಿಟ್ (ಎಷ್ಟು ಸಲ ಹಾಕುತ್ತಾರೆ) ಅಂತ ಆ ಸೈಕಾಲಜಿಸ್ಟ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮೊದಲ ಸಂದರ್ಶನಕ್ಕೆ 90791. ಫಲಿತಾಂಶ ಅರ್ಥ ಮಾಡಿ, ವರದಿ ಬರೆದು, ನಿಮಗೆ ವಿವರಿಸುವುದಕ್ಕೆ ಮೊದಲ ಗಂಟೆ 96130, ಮುಂದಿನ ಪ್ರತಿ ಗಂಟೆಗೆ 96131. ಟೆಸ್ಟ್ ಕೊಟ್ಟು ಅಂಕ ಹಾಕುವುದಕ್ಕೆ ಮೊದಲ ಅರ್ಧ ಗಂಟೆ 96136, ನಂತರದ ಪ್ರತಿ ಅರ್ಧ ಗಂಟೆಗೆ 96137. ನ್ಯೂರೋಸೈಕಾಲಜಿ (ಮಿದುಳಿನ ಕೆಲಸ ನೋಡುವ ಟೆಸ್ಟಿಂಗ್) ಎಂದು ಮಾಡಿದರೆ 96130, 96131ರ ಬದಲು 96132, 96133. 90791 ಬಿಟ್ಟು ಉಳಿದ ಕೋಡ್‌ಗಳು 2019ರಿಂದ ಬಂದವು.

ಇವನ್ನು ಮುಂದಿಟ್ಟುಕೊಂಡು ಕೇಳಿ. ನಮ್ಮ ಪಿನ್ ಕೋಡ್‌ನಲ್ಲಿ ಒಂದೊಂದು ಕೋಡ್‌ಗೆ ಅಲೌಡ್ ಅಮೌಂಟ್ ಎಷ್ಟು? ಪ್ರಯರ್ ಆಥರೈಸೇಷನ್ (ಮೊದಲೇ ಕಂಪನಿಯ ಒಪ್ಪಿಗೆ) ಬೇಕಾ? ಡಿಡಕ್ಟಿಬಲ್‌ನಲ್ಲಿ ಎಷ್ಟು ಉಳಿದಿದೆ? ಕ್ಲೇಮ್ ಕಳಿಸಲು ಕೊನೆಯ ದಿನ ಯಾವುದು? ಮತ್ತೆ ಬಹಳ ಮುಖ್ಯವಾಗಿ, ನಮ್ಮ ಪ್ಲಾನ್‌ನಲ್ಲಿ "ಎಜುಕೇಷನಲ್ ಟೆಸ್ಟಿಂಗ್" ಹೊರಗಿಟ್ಟಿದ್ದಾರಾ? ಮಾತಾಡಿದವರ ಹೆಸರು, ತಾರೀಖು, ಕಾಲ್‌ನ ರೆಫರೆನ್ಸ್ ನಂಬರ್ ಬರೆದಿಡಿ. ಅಲೌಡ್ ಅಮೌಂಟ್ ಫೋನಿನಲ್ಲಿ ಹೇಳುವುದಿಲ್ಲ ಎಂದರೆ, ಪೋರ್ಟಲ್‌ನಲ್ಲಿ ಮೆಸೇಜ್ ಹಾಕಿ ಕೇಳಿ. ಆಗ ಉತ್ತರ ಬರಹದಲ್ಲೇ ಸಿಗುತ್ತದೆ.

ಎಜುಕೇಷನಲ್ ಟೆಸ್ಟಿಂಗ್ ವಿಷಯ ಯಾಕೆ ಮುಖ್ಯ ಅಂದರೆ, ಓದು, ಬರಹ, ಲೆಕ್ಕದ ಪರೀಕ್ಷೆಗಳು ವೈದ್ಯಕೀಯ ಅಗತ್ಯ ಅಲ್ಲ, ಅದು ಶಾಲೆಯ ಕೆಲಸ ಎಂದು ಹೆಚ್ಚಿನ ಕಂಪನಿಗಳು ಹೇಳುತ್ತವೆ. ಡಿಸ್‌ಲೆಕ್ಸಿಯಾ ಭಾಗಕ್ಕೆ ದುಡ್ಡು ಬರುವುದು ಕಷ್ಟ. ಬರೀ ಎಡಿಎಚ್‌ಡಿ ಸಂಶಯಕ್ಕೆ ಉದ್ದದ ಟೆಸ್ಟಿಂಗ್ ಮಾಡಿಸಿದರೂ ಬಹಳ ಸಲ ತಿರಸ್ಕರಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2019ರ ಮಾರ್ಗಸೂಚಿ ಪ್ರಕಾರ 4ರಿಂದ 18 ವರ್ಷದ ಮಕ್ಕಳಲ್ಲಿ ಎಡಿಎಚ್‌ಡಿಯನ್ನು ಮಕ್ಕಳ ಡಾಕ್ಟರೇ ಗುರುತಿಸಬಹುದು. ತಂದೆ-ತಾಯಿ ಮತ್ತು ಟೀಚರ್ ತುಂಬುವ ವ್ಯಾಂಡರ್‌ಬಿಲ್ಟ್ ಫಾರಂ, ಸರಿಯಾದ ಸಂದರ್ಶನ, ಬೇರೆ ಕಾರಣಗಳಿವೆಯಾ ಎಂಬ ಪರಿಶೀಲನೆ, ಇವುಗಳಿಂದಲೇ ಬಹಳ ಮಕ್ಕಳಿಗೆ ಉತ್ತರ ಸಿಗುತ್ತದೆ. ಟೆಸ್ಟಿಂಗ್ ಮಾಡಿ ಬದುಕುವವಳು ನಾನು. ಆದರೂ ಹೇಳುತ್ತೇನೆ, ನಿಮ್ಮ ಮಗನಿಗೆ ಮೊದಲ ಹೆಜ್ಜೆ 4,000 ಡಾಲರ್‌ದಲ್ಲ.

ಓದಿನ ಭಾಗವನ್ನು ಶಾಲೆ ಉಚಿತವಾಗಿ ಪರೀಕ್ಷಿಸಬೇಕು. ಐಡಿಇಎ ಎಂಬ ಫೆಡರಲ್ ಕಾನೂನು ಇದನ್ನು ಹೇಳುತ್ತದೆ. ಅದರಲ್ಲಿ ವೀಸಾ ಷರತ್ತು ಇಲ್ಲ. ಎಚ್-1ಬಿ, ಎಚ್-4 ಮಕ್ಕಳಿಗೂ ಅದೇ ಹಕ್ಕು. ನಿಮ್ಮ ರಾಜ್ಯದಲ್ಲಿ ಈ ಕೆಲಸ ಶಾಲೆಯ ಚೈಲ್ಡ್ ಸ್ಟಡಿ ಟೀಮ್‌ನದು. ಬಾಯಿಮಾತಲ್ಲಿ ಕೇಳಬೇಡಿ, ಇಮೇಲ್ ಅಥವಾ ಪತ್ರ ಬರೆಯಿರಿ. ಲಿಖಿತ ಕೋರಿಕೆ ತಲುಪಿದ ಮೇಲೆ ನ್ಯೂಜೆರ್ಸಿಯಲ್ಲಿ 20 ದಿನದೊಳಗೆ ಮೀಟಿಂಗ್ ಕರೆಯಬೇಕು. ಪರೀಕ್ಷೆಗೆ ನೀವು ಸಹಿ ಹಾಕಿದ ಮೇಲೆ 90 ದಿನದಲ್ಲಿ ಪರೀಕ್ಷೆ ಮುಗಿದು, ಅರ್ಹನಾದರೆ ಐಇಪಿಯೂ (ಶಾಲೆ ಕೊಡುವ ವಿಶೇಷ ಸಹಾಯದ ಲಿಖಿತ ಯೋಜನೆ) ಸಿದ್ಧವಾಗಬೇಕು. ಎಂಟು ತಿಂಗಳ ವೇಟಿಂಗ್‌ಗಿಂತ ಇದೇ ಬೇಗ ಆಗುತ್ತದೆ.

ಅದೇ ತಾಯಿಯ ಮರುಪ್ರಶ್ನೆ:

ಮೇಡಂ, ತುಂಬಾ ಥ್ಯಾಂಕ್ಸ್. ಟೀಚರ್ ಹತ್ತಿರ ಹಿಂದೆ ಕೇಳಿದಾಗ "ಮನೆಯಲ್ಲಿ ಬೇರೆ ಭಾಷೆ ಮಾತಾಡುತ್ತೀರಲ್ಲ, ಅದಕ್ಕೇ ಇರಬಹುದು, ಸ್ವಲ್ಪ ಕಾಯೋಣ" ಎಂದಿದ್ದರು. ಕನ್ನಡ ನಿಲ್ಲಿಸಿ ಇಂಗ್ಲಿಷ್‌ನಲ್ಲೇ ಮಾತಾಡಬೇಕಾ? ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ.

ಉತ್ತರ:

ಖಂಡಿತ ನಿಲ್ಲಿಸಬೇಡಿ. ಎರಡು ಭಾಷೆ ಕಲಿಯುವುದರಿಂದ ಡಿಸ್‌ಲೆಕ್ಸಿಯಾ ಬರುವುದಿಲ್ಲ, ಎಡಿಎಚ್‌ಡಿಯೂ ಬರುವುದಿಲ್ಲ. ಅಜ್ಜಿ ಜೊತೆ ಮಾತು ನಿಂತರೆ ಮಗುವಿಗೆ ನಷ್ಟವೇ ಹೊರತು ಲಾಭ ಏನೂ ಇಲ್ಲ.

ಶಾಲೆ ಪರೀಕ್ಷಿಸುವಾಗ ಮಗುವಿನ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎಂದು ಅದೇ ಕಾನೂನಿನಲ್ಲಿ ಇದೆ. ಸಾಧ್ಯವಿದ್ದಷ್ಟೂ, ಮಗು ತನಗೆ ತಿಳಿದದ್ದನ್ನು ಸರಿಯಾಗಿ ತೋರಿಸಬಲ್ಲ ಭಾಷೆಯಲ್ಲಿ ಪರೀಕ್ಷೆ ನಡೆಯಬೇಕು. ಕನ್ನಡ ಬಲ್ಲ ಪರೀಕ್ಷಕರು ಸಿಗುವುದು ಅಪರೂಪ, ನಿಜ. ಆದರೂ ಪತ್ರದಲ್ಲಿ ಬರೆಯಿರಿ: ಮನೆಯಲ್ಲಿ ಯಾರ ಜೊತೆ ಕನ್ನಡ, ಯಾರ ಜೊತೆ ಇಂಗ್ಲಿಷ್, ಕನ್ನಡದಲ್ಲಿ ಕಥೆ ಹೇಳಲು ಬರುತ್ತದಾ, ಮಾತು ಯಾವಾಗ ಶುರುವಾಯಿತು. ಭಾಷೆ ಕಾರಣವಾ, ಬೇರೆ ಕಾರಣವಾ ಅಂತ ತಿಳಿಯಲಿಕ್ಕೇ ಪರೀಕ್ಷೆ ಬೇಕು. ಅದನ್ನೇ ಕಾಯಲು ನೆಪ ಮಾಡಿಕೊಳ್ಳಬಾರದು.

ಶಾಲೆ ಪರೀಕ್ಷೆ ಮಾಡಿ, ಅದರ ಫಲಿತಾಂಶ ನಿಮಗೆ ಒಪ್ಪಿಗೆ ಆಗದಿದ್ದರೆ, ಸ್ವತಂತ್ರ ಪರೀಕ್ಷೆಯನ್ನು ಶಾಲೆಯ ಖರ್ಚಿನಲ್ಲಿ ಕೇಳಬಹುದು. ಐಇಇ ಎನ್ನುತ್ತಾರೆ. ಶಾಲೆ ಒಂದೋ ದುಡ್ಡು ಕೊಡಬೇಕು, ಇಲ್ಲವಾದರೆ ತನ್ನ ಪರೀಕ್ಷೆ ಸರಿ ಇದೆ ಎಂದು ಹಿಯರಿಂಗ್‌ನಲ್ಲಿ ಸಾಬೀತು ಮಾಡಬೇಕು. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಮೊದಲೇ ಕೈಯಿಂದ ಹಾಕಿ ಮಾಡಿಸಿಬಿಟ್ಟರೆ ಈ ದಾರಿ ಕಷ್ಟವಾಗುತ್ತದೆ.

ಪ್ರಶ್ನೆ (ಟೆಕ್ಸಸ್‌ನಿಂದ ಒಬ್ಬ ತಂದೆ):

ಮೇಡಂ, ನಾವು ಆಗಲೇ ಕಟ್ಟಿ ಆಗಿದೆ. ನಾಲ್ಕು ವರ್ಷದ ಮಗಳಿಗೆ ಆಟಿಸಂ ಟೆಸ್ಟಿಂಗ್, 3,600 ಡಾಲರ್. ಕ್ಲಿನಿಕ್‌ನವರು ಕೊಟ್ಟ ರಸೀದಿ ಕಳಿಸಿದೆವು. ಪೂರ್ತಿ ರಿಜೆಕ್ಟ್ ಆಗಿ ಬಂದಿದೆ. ಇನ್ನು ಆಸೆ ಬಿಡಬೇಕಾ?

ಉತ್ತರ:

ಬಿಡಬೇಡಿ. ಆಟಿಸಂಗೆ ಟೆಸ್ಟಿಂಗ್ ವೈದ್ಯಕೀಯ ಅಗತ್ಯ ಎಂದು ತೋರಿಸುವುದು ಡಿಸ್‌ಲೆಕ್ಸಿಯಾಗಿಂತ ಎಷ್ಟೋ ಸುಲಭ.

ಮೊದಲು ಇಒಬಿ (ಎಷ್ಟು ಕೊಟ್ಟರು, ಯಾಕೆ ಕೊಡಲಿಲ್ಲ ಎಂದು ಕಂಪನಿ ಕಳಿಸುವ) ಕಾಗದ ತೆಗೆದು ಕೊನೆಯಲ್ಲಿರುವ ಸಣ್ಣ ಅಕ್ಷರದ ಕಾರಣ ಓದಿ. "ಮಾಹಿತಿ ಸಾಲದು" ಎಂದಿದ್ದರೆ ಅದು ನಿಜವಾದ ತಿರಸ್ಕಾರ ಅಲ್ಲ. ರಸೀದಿಯಲ್ಲಿ "ಇವ್ಯಾಲ್ಯುಯೇಷನ್ ಪ್ಯಾಕೇಜ್ 3,600" ಎಂದು ಒಂದೇ ಸಾಲು ಇದೆಯಾ ನೋಡಿ. ಇದ್ದರೆ ಅದನ್ನು ಯಾವ ಕಂಪನಿಯೂ ಪಾಸ್ ಮಾಡುವುದಿಲ್ಲ. ನಿಮಗೆ ಬೇಕಾದ್ದು ಸೂಪರ್‌ಬಿಲ್. ಅದರಲ್ಲಿ ಪ್ರತಿ ದಿನಾಂಕಕ್ಕೆ ಪ್ರತ್ಯೇಕ ಸಾಲು, ಕೋಡ್, ಯೂನಿಟ್, ಆ ಸಾಲಿನ ದರ, ಡಯಾಗ್ನೋಸಿಸ್ ಕೋಡ್ (ಆಟಿಸಂ ಎಂದು ತೀರ್ಮಾನವಾಗಿದ್ದರೆ ಎಫ್84.0), ಸೈಕಾಲಜಿಸ್ಟರ ಲೈಸೆನ್ಸ್ ನಂಬರ್, ಎನ್‌ಪಿಐ (ಅವರ ರಾಷ್ಟ್ರೀಯ ಗುರುತಿನ ಸಂಖ್ಯೆ), ಟ್ಯಾಕ್ಸ್ ಐಡಿ, ನೀವು ಕಟ್ಟಿದ ಮೊತ್ತ, ಎಲ್ಲವೂ ಇರಬೇಕು. ಅದನ್ನು ಹೊಸದಾಗಿ ಬರೆಸಿ ತಿದ್ದಿದ ಕ್ಲೇಮ್ ಎಂದು ಕಳಿಸಿ. ದುಡ್ಡು ಸದಸ್ಯರಿಗೆ (ಅಂದರೆ ನಿಮಗೆ) ಬರಲಿ ಎಂಬ ಕಡೆ ಗುರುತು ಹಾಕಿ. ಇಲ್ಲದಿದ್ದರೆ ಚೆಕ್ ಕ್ಲಿನಿಕ್‌ಗೆ ಹೋಗಿ ಕೂರುವುದುಂಟು.

"ವೈದ್ಯಕೀಯ ಅಗತ್ಯ ಇಲ್ಲ" ಅಥವಾ "ಎಜುಕೇಷನಲ್" ಎಂದಿದ್ದರೆ ಅಪೀಲು. ಕಂಪನಿ ಕೆಲಸದ ಮೂಲಕ ಬಂದ ಪ್ಲಾನ್ ಆದರೆ ಕನಿಷ್ಠ 180 ದಿನ ಸಮಯ ಇರುತ್ತದೆ. ಯಾವ ಮಾನದಂಡದ ಮೇಲೆ ನಿರಾಕರಿಸಿದರು, ಆ ದಾಖಲೆ ಕೊಡಿ ಎಂದು ಬರೆದು ಕೇಳಿ. ಉಚಿತವಾಗಿ ಕೊಡಲೇಬೇಕು. ಮಕ್ಕಳ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿ: ಮಾತು ತಡವಾದದ್ದು, ಸ್ಕ್ರೀನಿಂಗ್‌ನಲ್ಲಿ ಏನು ಕಂಡಿತು, ಚಿಕಿತ್ಸೆ ಶುರು ಮಾಡಲು ಈ ಟೆಸ್ಟಿಂಗ್ ಯಾಕೆ ಬೇಕಾಯಿತು. ಬೇಸರ, ಸಿಟ್ಟು ತೋಡಿಕೊಂಡು ಎರಡು ಪುಟ ಬರೆಯುವುದಕ್ಕಿಂತ ಅವರದೇ ಮಾನದಂಡವನ್ನು ಸಾಲು ಸಾಲಾಗಿ ಉತ್ತರಿಸಿದ ಒಂದು ಪುಟ ಜಾಸ್ತಿ ಕೆಲಸ ಮಾಡುತ್ತದೆ. ಒಳಗಿನ ಅಪೀಲು ಸೋತರೆ, ವೈದ್ಯಕೀಯ ಅಗತ್ಯದ ತಕರಾರುಗಳಿಗೆ ಹೊರಗಿನ ಪರಿಶೀಲನೆ ಇದೆ, ಕೊನೆಯ ನಿರಾಕರಣೆ ಬಂದ ನಾಲ್ಕು ತಿಂಗಳೊಳಗೆ ಕೇಳಬೇಕು. ಅದರ ತೀರ್ಮಾನವನ್ನು ಕಂಪನಿ ಪಾಲಿಸಬೇಕು.

ಇನ್ನೊಂದು ವಿಷಯ. ನಿಮ್ಮ ಪ್ಲಾನ್ ಸೆಲ್ಫ್ ಫಂಡೆಡ್ ಆ ಎಂದು ಎಚ್‌ಆರ್‌ಗೆ ಕೇಳಿ. ದೊಡ್ಡ ಟೆಕ್ ಕಂಪನಿಗಳಲ್ಲಿ ಬಹುತೇಕ ಹಾಗೇ. ಕಾರ್ಡ್ ಮೇಲೆ ಇನ್ಶೂರೆನ್ಸ್ ಹೆಸರಿದ್ದರೂ ದುಡ್ಡು ಕೊಡುವುದು ನಿಮ್ಮ ಕಂಪನಿಯೇ. ಆಗ ಬೆನಿಫಿಟ್ಸ್ ವಿಭಾಗದವರು ಮನಸ್ಸು ಮಾಡಿದರೆ ಸಹಾಯ ಆಗುತ್ತದೆ.

ಪ್ರಶ್ನೆ (ಕ್ಯಾಲಿಫೋರ್ನಿಯಾದಿಂದ):

ನಮ್ಮದು ಎಚ್‌ಎಂಒ, ಅಂದರೆ ನೆಟ್‌ವರ್ಕ್ ಒಳಗಿನವರಿಗೆ ಮಾತ್ರ ಕೊಡುವ ಪ್ಲಾನ್. ಔಟ್ ಆಫ್ ನೆಟ್‌ವರ್ಕ್ ಇಲ್ಲವೇ ಇಲ್ಲ ಎನ್ನುತ್ತಾರೆ. ಲಿಸ್ಟ್‌ನಲ್ಲಿ ಕೊಟ್ಟವರಲ್ಲಿ ಅರ್ಧ ಜನ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಏನು ಮಾಡುವುದು?

ಉತ್ತರ:

ನೀವು ಕೇಳಬೇಕಾದ್ದು ನೆಟ್‌ವರ್ಕ್ ಗ್ಯಾಪ್ ಎಕ್ಸೆಪ್ಷನ್. ನೆಟ್‌ವರ್ಕ್‌ನಲ್ಲಿ ಸಮಯಕ್ಕೆ ಸರಿಯಾಗಿ ಯಾರೂ ಸಿಗದಿದ್ದರೆ, ಹೊರಗಿನವರ ಹತ್ತಿರ ಹೋಗಲು ನೆಟ್‌ವರ್ಕ್ ದರದಲ್ಲೇ ಒಪ್ಪಿಗೆ. ಯಾರಿಗೆ ಫೋನ್ ಮಾಡಿದಿರಿ, ಯಾವತ್ತು, ಎಷ್ಟು ತಿಂಗಳು ಕಾಯಬೇಕು ಎಂದರು, ಬರೆದಿಟ್ಟುಕೊಂಡು ಆ ಪಟ್ಟಿಯ ಜೊತೆ ಕೇಳಿ. ನಿಮ್ಮ ರಾಜ್ಯದ ನಿಯಮದಲ್ಲಿ ಸೈಕಾಲಜಿಸ್ಟ್‌ರಂಥವರ ಹತ್ತಿರದ (ಸೈಕಿಯಾಟ್ರಿಸ್ಟ್ ಬಿಟ್ಟು) ತುರ್ತಲ್ಲದ ಮಾನಸಿಕ ಆರೋಗ್ಯದ ಅಪಾಯಿಂಟ್‌ಮೆಂಟ್‌ಗೂ 10 ಕೆಲಸದ ದಿನಗಳ ಮಿತಿ ಇದೆ. ಪ್ಲಾನ್‌ನವರು ಕೇಳದಿದ್ದರೆ, ಇಂಥ ಪ್ಲಾನ್‌ಗಳ ಮೇಲೆ ಕಣ್ಣಿಡುವ ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಮ್ಯಾನೇಜ್ಡ್ ಹೆಲ್ತ್ ಕೇರ್‌ಗೆ ದೂರು ಕೊಡಿ. ಹೆಚ್ಚಿನ ಎಚ್‌ಎಂಒಗಳು ಅವರ ಅಡಿಯಲ್ಲೇ ಬರುತ್ತವೆ.

ಒಪ್ಪಿಗೆ ಟೆಸ್ಟಿಂಗ್‌ಗೆ ಮೊದಲು, ಬರಹದಲ್ಲಿ, ಕೋಡ್ ಮತ್ತು ಯೂನಿಟ್ ಸಮೇತ ಇರಬೇಕು. ಆಮೇಲೆ ಕೇಳಿದರೆ ಸಿಗುವುದು ತೀರಾ ಕಷ್ಟ.

ಪ್ರಶ್ನೆ (ಇಲಿನಾಯ್‌ನಿಂದ):

ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗುತ್ತೇವೆ. ಅಲ್ಲೇ ನಿಮ್ಹಾನ್ಸ್‌ನಲ್ಲೋ ಬೇರೆ ಕಡೆಯೋ ಮಾಡಿಸಿದರೆ ಖರ್ಚು ಕಡಿಮೆ ಅಲ್ವಾ?

ಉತ್ತರ:

ಖರ್ಚು ಕಡಿಮೆ, ಒಳ್ಳೆಯ ತಜ್ಞರೂ ಇದ್ದಾರೆ. ನಿಮಗೆ ಮಗುವನ್ನು ಅರ್ಥ ಮಾಡಿಕೊಳ್ಳಲು ಅದು ಉಪಯೋಗ ಆಗಬಹುದು, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ ಎಂಬುದು ದೊಡ್ಡ ಲಾಭ. ಆದರೆ ಇಲ್ಲಿಯ ಇನ್ಶೂರೆನ್ಸ್ ತುರ್ತಲ್ಲದ ವಿದೇಶಿ ಖರ್ಚಿಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಮೆರಿಕದಲ್ಲಿ ಓದುವ ಮಗುವನ್ನು ಭಾರತದ ಮಕ್ಕಳ ಸರಾಸರಿಗೆ ಹೋಲಿಸಿದ ಅಂಕ ಬಂದರೆ ಇಲ್ಲಿಯ ಶಾಲೆ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳದೇ ಇರಬಹುದು. ಅದೂ ಅಲ್ಲದೆ, ಒಂದೇ ಪರೀಕ್ಷೆಯನ್ನು ಹತ್ತಿರ ಹತ್ತಿರದಲ್ಲಿ ಎರಡು ಸಲ ಕೊಟ್ಟರೆ ಮಗುವಿಗೆ ಅಭ್ಯಾಸವಾಗಿ ಅಂಕ ನಂಬುವ ಹಾಗಿರುವುದಿಲ್ಲ. ಅಲ್ಲಿ ಮಾಡಿಸಿದರೆ ಯಾವ ಯಾವ ಟೆಸ್ಟ್, ಯಾವ ತಾರೀಖು ಎಂದು ವರದಿಯಲ್ಲಿ ಬರೆಸಿಕೊಂಡು ಬನ್ನಿ.

ಕಡಿಮೆ ಖರ್ಚೇ ಮುಖ್ಯ ಆದರೆ ನಿಮ್ಮ ಊರಿನ ಹತ್ತಿರದ ಯೂನಿವರ್ಸಿಟಿಯಲ್ಲಿ ಸೈಕಾಲಜಿ ಪಿಎಚ್‌ಡಿ ಇದೆಯಾ ನೋಡಿ. ಅಲ್ಲಿಯ ಟ್ರೈನಿಂಗ್ ಕ್ಲಿನಿಕ್‌ಗಳಲ್ಲಿ ಲೈಸೆನ್ಸ್ ಇರುವವರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಟೆಸ್ಟಿಂಗ್ ಮಾಡುತ್ತಾರೆ. ಎಷ್ಟೋ ಕಡೆ ಆದಾಯ ನೋಡಿ ದರ ಹಾಕುತ್ತಾರೆ. ನಿಧಾನ, ಆದರೆ ವರದಿ ಬಹಳ ಶ್ರದ್ಧೆಯಿಂದ ಬರುತ್ತದೆ. ಮಗುವಿಗೆ ಮೂರು ವರ್ಷ ಆಗಿಲ್ಲದಿದ್ದರೆ ರಾಜ್ಯದ ಅರ್ಲಿ ಇಂಟರ್‌ವೆನ್ಷನ್‌ಗೆ (ಚಿಕ್ಕ ಮಕ್ಕಳ ಬೆಳವಣಿಗೆಗೆ ನೆರವಾಗುವ ಯೋಜನೆ) ನೀವೇ ಫೋನ್ ಮಾಡಬಹುದು, ಪರೀಕ್ಷೆ ಉಚಿತ.

ನ್ಯೂಜೆರ್ಸಿಯ ತಾಯಿ ಮತ್ತೆ:

ಮೇಡಂ, ಶಾಲೆಗೆ ಇಮೇಲ್ ಕಳಿಸಿದೆ, ವ್ಯಾಂಡರ್‌ಬಿಲ್ಟ್ ಫಾರಂಗೂ ಹೇಳಿದೆ. ಕೊನೆಯದಾಗಿ ಒಂದು. ಮುಂದೆ ಪ್ರೈವೇಟ್ ಬೇಕೇ ಆದರೆ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಸಂಬಳದಿಂದ ಟ್ಯಾಕ್ಸ್ ಇಲ್ಲದೆ ತೆಗೆದಿಡುವ) ದುಡ್ಡು ಬಳಸಬಹುದಾ?

ಉತ್ತರ:

ಬಳಸಬಹುದು. ಡಯಾಗ್ನೋಸಿಸ್‌ಗಾಗಿ ಮಾಡಿಸುವ ಟೆಸ್ಟಿಂಗ್ ವೈದ್ಯಕೀಯ ಖರ್ಚು. ಎಚ್‌ಎಸ್‌ಎ (ಅಂಥದೇ ಇನ್ನೊಂದು ಉಳಿತಾಯ ಖಾತೆ) ಇದ್ದರೂ ಆಗುತ್ತದೆ. ಡಾಕ್ಟರ್ ಸಲಹೆಯ ಪತ್ರ ಫೈಲ್‌ನಲ್ಲಿ ಇರಲಿ. ಹೆಲ್ತ್ ಎಫ್‌ಎಸ್‌ಎಯಲ್ಲಿ ವರ್ಷಕ್ಕೆ ಆರಿಸಿಕೊಂಡ ಪೂರ್ತಿ ಮೊತ್ತ ಮೊದಲ ದಿನದಿಂದಲೇ ಸಿಗುತ್ತದೆ, ಸಂಬಳದಿಂದ ಕಡಿತ ಆಗುವುದು ಆಮೇಲೆ. ಹಾಗಾಗಿ ನವೆಂಬರ್ ಸುಮಾರಿಗೆ ಓಪನ್ ಎನ್‌ರೋಲ್‌ಮೆಂಟ್ (ಮುಂದಿನ ವರ್ಷದ ಪ್ಲಾನ್ ಆರಿಸುವ ಸಮಯ) ಬಂದಾಗ ಶಾಲೆಯ ವರದಿ ನೋಡಿಕೊಂಡು ಮೊತ್ತ ಬರೆಯಿರಿ. ಇನ್ಶೂರೆನ್ಸ್ ವಾಪಸ್ ಕೊಟ್ಟ ಭಾಗಕ್ಕೆ ಮತ್ತೆ ಎಫ್‌ಎಸ್‌ಎಯಿಂದ ತೆಗೆಯುವಂತಿಲ್ಲ. ಮೊದಲು ಕ್ಲೇಮ್ ಹಾಕಿ, ಇಒಬಿ ಬಂದ ಮೇಲೆ ಉಳಿದದ್ದಕ್ಕೆ ಬಳಸಿ.

ಇಮೇಲ್ ತಲುಪಿದೆ ಎಂದು ಶಾಲೆಯಿಂದ ಉತ್ತರ ಬಂತಾ? ಬರದಿದ್ದರೆ ಸೋಮವಾರ ಪ್ರಿನ್ಸಿಪಾಲ್ ಮತ್ತು ಚೈಲ್ಡ್ ಸ್ಟಡಿ ಟೀಮ್ ಇಬ್ಬರಿಗೂ ಮತ್ತೆ ಕಳಿಸಿ, ಹಳೆಯ ತಾರೀಖು ಕಾಣುವ ಹಾಗೆ ಫಾರ್ವರ್ಡ್ ಮಾಡಿ. 20 ದಿನ ಎಣಿಸುವುದು ಆ ತಾರೀಖಿನಿಂದ.