ಪದಚರ್ಚೆ: ಕೆರೆ ಕೆಲಸದಲ್ಲಿ ‘ಒಳಗೊಳ್ಳುವಿಕೆ’. ಇದಕ್ಕೆ ‘ವಂತು’ ಆಗಬಹುದೇ?

ಗೆಳೆಯರೇ,

ಕೋಲಾರ ಕಡೆಯ ಕೆರೆಗಳ ಬಗ್ಗೆ ನಡೆಯುತ್ತಿರುವ ಒಂದು ಅಧ್ಯಯನದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಳಾದ ಕೆರೆಯನ್ನು ಮತ್ತೆ ಸರಿಮಾಡುವಾಗ ಊರಿನಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಹೊರಗೆ ಉಳಿಯುತ್ತಾರೆ ಎಂದು ತಿಳಿಯುವ ಅಧ್ಯಯನ ಅದು. ಊರಿನವರು ಆ ಕೆಲಸದಲ್ಲಿ ಸೇರಿಕೊಳ್ಳುವುದನ್ನು ಹೇಳುವ ಒಂದು ಪದ ತುಂಬಾ ಕಾಡುತ್ತಿದೆ.

ಮೊದಲ ಕರಡಿನಲ್ಲಿ ಹೀಗಿತ್ತು: ‘ಕೆರೆ ಪುನಶ್ಚೇತನದಲ್ಲಿ ನಿಮ್ಮ ಸಹಭಾಗಿತ್ವದ ಮಟ್ಟ ಎಷ್ಟು?’ ಏರಿಯ ಮೇಲೆ ಕೂತು ಒಬ್ಬ ಹಿರಿಯ ನೀರಗಂಟಿಗೆ (ಕೆರೆ ನೀರು ಬಿಟ್ಟು ಹಂಚುವವರಿಗೆ) ಓದಿ ಹೇಳಿದೆ. ಅವರು ಕೆರೆ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ, ‘ತೂಬಿನ ಕಲ್ಲಿಗೆ ಇನ್ನೂ ಎರಡು ಗೇಣು ಐತೆ’ ಅಂದರು. ವರ್ಷಗಟ್ಟಲೆ ತೂಬು, ಅಂದರೆ ಕೆರೆಯಿಂದ ನೀರು ಬಿಡುವ ಬಾಗಿಲು, ಎತ್ತಿ ಇಳಿಸಿದವರಿಗೆ ಮಟ್ಟ ಅಂದರೆ ನೀರಿನ ಮಟ್ಟವೇ. ತಪ್ಪು ನನ್ನ ಪ್ರಶ್ನೆಯದು.

‘ಪುನಶ್ಚೇತನ’ ಅಂದಾಗ ಅವರಿಗೆ ಹೂಳು ಮತ್ತು ಜೆಸಿಬಿ ಮಾತ್ರ ನೆನಪಾಯಿತು. ‘ಕೆರೆ ಸರಿಮಾಡೋದು’ ಅಂದ ಕೂಡಲೇ ಮುಚ್ಚಿಹೋದ ಕಾಲುವೆ, ಒಡೆದ ಕೋಡಿ, ಜೊಂಡು, ಮೀನು ಎಲ್ಲವೂ ಮಾತಿಗೆ ಬಂತು. ಹಾಗಾಗಿ ಆ ಪದದ ಚಿಂತೆ ಬಿಟ್ಟೆ.

‘ಸಹಭಾಗಿತ್ವ’ದ ಜಾಗದಲ್ಲಿ ‘ಪಾಲ್ಗೊಳ್ಳುವಿಕೆ’ ಹಾಕಿ ನೋಡಿದೆ. ಪಾಲ್ ಮತ್ತು ಕೊಳ್ಳು ಸೇರಿ ಆದ ಪದ. ಪಾಲು ತೆಗೆದುಕೊಳ್ಳುವುದು ಎಂಬುದೇ ಅದರ ಮೂಲ ಅರ್ಥ. ಆದರೆ ಈಗ ಸಭೆಯಲ್ಲಿ ‘ಪಾಲ್ಗೊಂಡರು’ ಅಂದರೆ ಸುಮ್ನೆ ಬಂದು ಕೂತರು, ಸಹಿ ಹಾಕಿದರು ಅಂತ, ಅಲ್ವಾ? ಪದದೊಳಗಿನ ಪಾಲು ಸವೆದುಹೋಗಿದೆ.

‘ಒಳಗೊಳ್ಳುವಿಕೆ’ಯಲ್ಲಿ ಬೇರೆ ತೊಡಕಿದೆ. ‘ಯೋಜನೆ ಜನರನ್ನು ಒಳಗೊಳ್ಳುತ್ತದೆ’ ಅನ್ನಬಹುದು. ಜನ ತಾವಾಗಿ ಒಳಗೊಳ್ಳುವುದಿಲ್ಲ. ಯೋಜನೆಯೇ ಮನೆ ಯಜಮಾನ, ಊರಿನವರು ಕರೆದಾಗ ಬರುವ ನೆಂಟರು ಅನ್ನುವ ಧ್ವನಿ ನನಗೆ ಕೇಳುತ್ತದೆ. ಆದರೆ ಕೆರೆ ಮೊದಲಿಂದಲೂ ಊರಿನದು.

ಹಾಗೆ ನೋಡಿದರೆ ಈ ಪಾಲಿನ ಲೆಕ್ಕ ನಮ್ಮ ನುಡಿಗೆ ಹೊಸದಲ್ಲ. ಶಾಸನಗಳಲ್ಲಿ ‘ಬಿತ್ತುವಟ್ಟ’ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಆ ಕೆರೆ ಕೆಳಗಿನ ಜಮೀನನ್ನೋ ಬೆಳೆಯ ಭಾಗವನ್ನೋ ಬಿಟ್ಟುಕೊಡುವುದು. ನೀರಗಂಟಿಗೂ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಿಗುತ್ತಿತ್ತು.

ಇಷ್ಟು ಯೋಚಿಸುವಾಗ ‘ವಂತು’ ನೆನಪಾಯಿತು. ಪಾಲು ಅಂತಲೂ ಅರ್ಥ, ಸರದಿ ಅಂತಲೂ ಅರ್ಥ. ‘ಈ ಸಲ ನನ್ನ ವಂತು’ ಅನ್ನುವಾಗ ನಾನು ಮಾಡಬೇಕಾದ ಕೆಲಸವೂ ಇರಬಹುದು, ನನಗೆ ಬರಬೇಕಾದ ನೀರೂ ಇರಬಹುದು. ‘ವಂತಿಗೆ’ ಇದರ ಒಡಹುಟ್ಟು. ವಿಶ್ವಬ್ಯಾಂಕ್ ನೆರವಿನಲ್ಲಿ 2002ರಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ಯೋಜನೆಯಲ್ಲೂ ಊರಿನವರು ವಂತಿಗೆ ಕೊಡಬೇಕಿತ್ತು. ಸರ್ಕಾರಿ ಕನ್ನಡದಲ್ಲಿ ‘ಸಮುದಾಯ ವಂತಿಗೆ’ ಇವತ್ತಿಗೂ ಇದೆ. ಕೊಡುವ ವಂತಿಗೆ ಕಾಗದದಲ್ಲಿ ಉಳಿಯಿತು, ಪಡೆಯುವ ವಂತು ಕಾಣೆಯಾಯಿತು. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಜನರನ್ನು ಕರೆಯುವ ಪದವೂ ಮುಖ್ಯ. ‘ಅಚ್ಚುಕಟ್ಟುದಾರರು’ ಅಂದರೆ ಕೆರೆ ಕೆಳಗೆ ಜಮೀನು ಇದ್ದವರು ಮಾತ್ರ. (ಅಚ್ಚುಕಟ್ಟು ಅಂದರೆ ಓರಣವೂ ಹೌದು, ನೀರುಣ್ಣುವ ಗದ್ದೆಬಯಲೂ ಹೌದು. ಎಷ್ಟು ಚೆಂದದ ಪದ!) ಬಟ್ಟೆ ಒಗೆಯುವವರು, ಕುರಿ ಮೇಯಿಸುವವರು, ಮೀನು ಹಿಡಿಯುವವರು, ಮಡಕೆಗೆ ಜೇಡಿ ಒಯ್ಯುವವರು ಅದರಲ್ಲಿ ಬರುವುದಿಲ್ಲ. ನೀರಗಂಟಿ ಕೆಲಸ ಬಹಳ ಊರುಗಳಲ್ಲಿ ದಲಿತ ಮನೆತನಗಳದ್ದು. ನೀರು ಹಂಚುವ ಅವರಿಗೇ ಎಷ್ಟೋ ಕಡೆ ಅಚ್ಚುಕಟ್ಟಿನಲ್ಲಿ ಜಮೀನಿಲ್ಲ. ‘ಕೆರೆ ಬಳಕೆದಾರರು’ ಎಂಬ ಪದ ಇವರನ್ನೆಲ್ಲ ಹಿಡಿಯುತ್ತದೆ. ಅದನ್ನೇ ಇಟ್ಟುಕೊಂಡಿದ್ದೇನೆ.

ಈಗಿನ ಕರಡು ಹೀಗಿದೆ: ‘ಕೆರೆ ಸರಿಮಾಡುವ ಮೊದಲು ನಿಮ್ಮನ್ನು ಕೇಳಿದರಾ? ನೀವು ಹೇಳಿದ್ದರಿಂದ ಏನಾದರೂ ಬದಲಾಯಿತಾ? ಈಗ ಕೆರೆಯಲ್ಲಿ ನಿಮ್ಮ ವಂತು ಏನು?’ ಮೊನ್ನೆ ಅದೇ ಹಿರಿಯರಿಗೆ ಓದಿದೆ. ಮೊದಲ ಎರಡಕ್ಕೆ ತಕ್ಷಣ ‘ಇಲ್ಲ’ ಅಂದರು. ಮೂರನೆಯದಕ್ಕೆ ಅರ್ಧ ಗಂಟೆ ಮಾತಾಡಿದರು.

ನಿಮ್ಮ ಕಡೆ ‘ವಂತು’ ಬಳಕೆಯಲ್ಲಿದೆಯೇ? ಪಾಲು ಅನ್ನುವ ಅರ್ಥ ಜಾಸ್ತಿಯೋ, ಸರದಿಯೋ? ಉತ್ತರ ಕರ್ನಾಟಕ, ಮಲೆನಾಡಿನವರು ಇದನ್ನು ಓದಿದರೆ ಅರ್ಥವಾಗುತ್ತದೆಯೇ? ಮನೆಯ ಹಿರಿಯರನ್ನೂ ಕೇಳಿ ತಿಳಿಸಿ.