22 ತಿಂಗಳ ಮಗಳಿಗೆ ಹಿಮೋಗ್ಲೋಬಿನ್ 9.4. ಯಾವ ಮಲ್ಟಿವಿಟಮಿನ್ ಒಳ್ಳೇದು?

ಪುಟ್ಟಿಅಮ್ಮ_ತುಮಕೂರು
ಎಲ್ಲರಿಗೂ ನಮಸ್ಕಾರ. ಮಗಳಿಗೆ 22 ತಿಂಗಳು, ತೂಕ 10 ಕೆಜಿ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.4, ಫೆರಿಟಿನ್ (ಮೈಯೊಳಗಿನ ಕಬ್ಬಿಣದ ಸಂಗ್ರಹ ತೋರಿಸುವ ಅಂಕಿ) 6. ಮಕ್ಕಳ ಡಾಕ್ಟರು ಐರನ್ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಬಾಯಿಗೆ ಹಾಕಿದ ತಕ್ಷಣ ಉಗಿಯುತ್ತಾಳೆ. ಕಕ್ಕ ಕಪ್ಪಗಾಗಿದೆ, ಹಲ್ಲಿನ ಮೇಲೂ ಕಪ್ಪು ಗೆರೆ. ಊಟ ಅಷ್ಟಕ್ಕಷ್ಟೇ, ಹಾಲು ಮಾತ್ರ ದಿನಕ್ಕೆ ನಾಲ್ಕು ಬಾಟಲಿ. ಆ ಡ್ರಾಪ್ಸ್ ಬಿಡು, ಒಳ್ಳೆ ಮಲ್ಟಿವಿಟಮಿನ್ ಕೊಡು, ಅದರಲ್ಲೇ ಎಲ್ಲಾ ಇರುತ್ತೆ, ಗಮ್ಮಿ (ಅಗಿಯುವ ಜೆಲ್ಲಿ ಮಿಠಾಯಿ ಥರದ ವಿಟಮಿನ್) ಆದರೆ ಚಾಕಲೇಟ್ ಥರ ತಿಂತಾಳೆ ಅಂತ ನಾದಿನಿ ಹೇಳುತ್ತಾಳೆ. ನಿಮ್ಮ ಮಕ್ಕಳಿಗೆ ಯಾವುದು ಕೊಡುತ್ತಿದ್ದೀರಿ?

ಲೇಬಲ್_ಓದಿ
“ಅದರಲ್ಲೇ ಎಲ್ಲಾ ಇರುತ್ತೆ.” ಇರುವುದಿಲ್ಲ. ಬಾಟಲಿ ತಿರುಗಿಸಿ ನೋಡಿ. ನಮ್ಮ ಮನೆಯಲ್ಲಿರುವ ಮಲ್ಟಿವಿಟಮಿನ್ ಸಿರಪ್‌ನಲ್ಲಿ ಎ ಇದೆ, ಡಿ ಇದೆ, ಜಿಂಕ್ ಇದೆ, ಐರನ್ ಅನ್ನುವ ಸಾಲೇ ಇಲ್ಲ. ಗಮ್ಮಿಗಳಲ್ಲಿ ಬಹುಪಾಲು ಇದೇ ಕಥೆ. ಲೆಕ್ಕ ಹೀಗೆ: ಐಸಿಎಂಆರ್ ಪ್ರಕಾರ 1ರಿಂದ 3 ವರ್ಷದ ಆರೋಗ್ಯವಂತ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಸಾಕು. ಕೊರತೆ ಆಗಿಬಿಟ್ಟ ಮಗುವಿಗೆ ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮ ‘ಅನೀಮಿಯಾ ಮುಕ್ತ ಭಾರತ’ದ ಲೆಕ್ಕ ದಿನಕ್ಕೆ ಕೆಜಿಗೆ 3 ಮಿಲಿಗ್ರಾಂ. 10 ಕೆಜಿಗೆ 30. ಮಲ್ಟಿವಿಟಮಿನ್ ಇರುವುದು ಮೊದಲಿನದಕ್ಕೆ, ನಿಮ್ಮ ಮಗು ಇರುವುದು ಎರಡನೆಯದರಲ್ಲಿ. ಎರಡು ವರ್ಷ ತುಂಬದ ಮಗುವಿಗೆ ಗಮ್ಮಿ ಗಂಟಲಿಗೆ ಸಿಕ್ಕಿಹಾಕಿಕೊಳ್ಳಬಹುದು ಅನ್ನುವುದು ಬೇರೆ. ಡ್ರಾಪ್ಸ್ ಬಿಡಬೇಡಿ.

ರಾಗಿಮುದ್ದೆ_ಮಂಡ್ಯ
“ಊಟ ಅಷ್ಟಕ್ಕಷ್ಟೇ” ಅಂತ ನೀವೇ ಬರೆದಿದ್ದೀರಲ್ಲ ತಾಯಿ, ಎಲ್ಲಾ ಅಲ್ಲೇ ಇದೆ. ಔಷಧಿ ಅಂಗಡಿಗೆ ದುಡ್ಡು ಸುರಿಯಬೇಡಿ. ರಾಗಿ ಸರಿ ಮಾಡಿ ಎರಡು ಹೊತ್ತು ತಿನ್ನಿಸಿ. ರಾಗಿ ನೆನೆಹಾಕಿ, ಮೊಳಕೆ ಕಟ್ಟಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನಮ್ಮಜ್ಜಿ ಒಂಬತ್ತು ಮಕ್ಕಳನ್ನು ಹೀಗೇ ಸಾಕಿದ್ದು. ಯಾವ ಫೆರಿಟಿನ್ನೂ ನೋಡಿಸಿರಲಿಲ್ಲ.

ಕುಡ್ಲದಕ್ಕ
“ಬಟ್ಟೆಯಲ್ಲಿ ಜರಡಿ.” ಅಯ್ಯೋ ಮಾರಾಯ್ರೇ, ಅಷ್ಟು ಮಾಡಿಯೂ ಸಿಪ್ಪೆಯ ಪುಡಿ ಒಳಗೇ ಉಳಿಯುತ್ತದೆ. ರಾಗಿಯ ಟ್ಯಾನಿನ್ ಜಾಸ್ತಿ ಇರುವುದೇ ಆ ಸಿಪ್ಪೆಯಲ್ಲಿ. ಅದು ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ನಮ್ಮಲ್ಲಿ ಮಣ್ಣಿ ಮಾಡುವುದು. ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಬೆಲ್ಲ ಹಾಕಿ ಕಾಯಿಸುವುದು. ಮಗುವಿನ ಹೊಟ್ಟೆಗೂ ಹಗುರ.

ಲೇಬಲ್_ಓದಿ
ಎರಡೂ ಮಾಡಿಕೊಳ್ಳಿ, ಆದರೆ ಚಿಕಿತ್ಸೆ ಅನ್ನಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಕಬ್ಬಿಣ 4.62 ಮಿಲಿಗ್ರಾಂ. 30 ಮಿಲಿಗ್ರಾಂ ಬೇಕಂದರೆ ದಿನಕ್ಕೆ ಸುಮಾರು 650 ಗ್ರಾಂ ರಾಗಿ. ಅಷ್ಟು ತಿನ್ನಿಸಿದರೂ ಮೈಗೆ ಹತ್ತುವುದು ಅದರಲ್ಲಿ ಚೂರು.

ರಾಗಿಮುದ್ದೆ_ಮಂಡ್ಯ
“650 ಗ್ರಾಂ” ಅಂತೆ! ಮಗುವಿಗೆ ಅರ್ಧ ಕೆಜಿ ರಾಗಿ ತಿನ್ನಿಸಿ ಅಂತ ಯಾರು ಹೇಳಿದರು ಸ್ವಾಮಿ? ಹೇಳದ ಮಾತಿಗೆ ಉತ್ತರ ಕೊಡೋದು ಸುಲಭ. 2021ರಲ್ಲಿ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ ಒಂದು ವಿಶ್ಲೇಷಣೆ ಬಂತು. ಸಿರಿಧಾನ್ಯ ತಿಂದವರಲ್ಲಿ ಹಿಮೋಗ್ಲೋಬಿನ್ ಶೇ 13.2 ಏರಿದೆ. ವಿಜ್ಞಾನ ನಿಮಗೊಬ್ಬರಿಗೇ ಬರೆದುಕೊಟ್ಟಿಲ್ಲ. ಮಣ್ಣಿಯವರಿಗೂ ಒಂದು ಮಾತು: ಸಿಪ್ಪೆ ಹಿಂಡಿ ಚೆಲ್ಲಿದ ಮೇಲೆ ಉಳಿಯೋದು ಬರೀ ಗಂಜಿ. ಅದಕ್ಕೆ ಬೆಲ್ಲ ಹಾಕಿ ಮಗುವಿನ ಕಣ್ಣಿಗೆ ಮಣ್ಣೆರಚೋದು. ಹೆಸರೇ ಮಣ್ಣಿ!

ಕುಡ್ಲದಕ್ಕ
“ಶೇ 13.2” ಅಂದಿರಲ್ಲ, ಅದರಲ್ಲಿ ಮೊಳಕೆ ಬರಿಸಿದ್ದು, ಹುದುಗಿಸಿದ್ದರ ಮಾತೂ ಇದೆ. ನೀವು ಬೆಂಗಳೂರಿನಲ್ಲಿ ಕೂತು ಪ್ಯಾಕೆಟ್ ರಾಗಿ ಹಿಟ್ಟು ಕಲಸುವವರೇ ಅಲ್ವಾ? ಸಿರಿಧಾನ್ಯ ಬೆಳೆಸುವ ಸಂಸ್ಥೆ ಸಿರಿಧಾನ್ಯ ಒಳ್ಳೇದು ಅಂದರೆ ಅದರಲ್ಲೇನು ಆಶ್ಚರ್ಯ. ನಮ್ಮ ಮಣ್ಣಿಯ ಹೆಸರಿನ ತಂಟೆಗೆ ಬರಬೇಡಿ. ನಿಮ್ಮ ಸರಿಯಲ್ಲಿ ಹೆಸರು ಬಿಟ್ಟರೆ ಸರಿ ಯಾವುದೂ ಇಲ್ಲ.

ರಾಗಿಮುದ್ದೆ_ಮಂಡ್ಯ
“ಪ್ಯಾಕೆಟ್ ರಾಗಿ” ಅಂತ ಯಾವ ಬಾಯಲ್ಲಿ ಹೇಳ್ತೀರಿ? ನಮ್ಮದು ಸ್ವಂತ ಹೊಲ. ನಮ್ಮಜ್ಜಿ ಕಾಲದ ರಾಗಿ.

ಕುಡ್ಲದಕ್ಕ
“ಅಜ್ಜಿ ಕಾಲದ್ದು” ಹೇಗಾಗುತ್ತದೆ? ಮಂಡ್ಯದ ಕಡೆ ಹೊಲಗಳಿಗೆ ಬಂದದ್ದು ಇಂಡಾಫ್ ತಳಿಗಳು. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಬೆಳೆಸಿದ್ದು.

ರಾಗಿಮುದ್ದೆ_ಮಂಡ್ಯ
ಲಕ್ಷ್ಮಣಯ್ಯನವರ ಹೆಸರು ನನಗೆ ಹೇಳಿಕೊಡಬೇಡಿ ತಾಯಿ. ನಮ್ಮೂರಲ್ಲಿ ಅವರ ಹೆಸರು ಹೇಳಿಯೇ ಊಟ ಮಾಡೋದು. ಸಂಕರ ಆದರೆ ರಾಗಿ ರಾಗಿ ಅಲ್ಲವೋ?

ಧಾರವಾಡ_ಪೇಢೆ
ಏನ್ರೀ ಇದು, ಪಾಪ ಆಕೆ ಔಷಧಿ ಕೇಳಿದರೆ ಇಲ್ಲಿ ಕೃಷಿಮೇಳ ನಡೆದಿದೆ. ಸರಿನೂ ಬೇಡ, ಮಣ್ಣಿನೂ ಬೇಡ. ವಾರಕ್ಕೆ ಒಂದೆರಡು ಸಲ ಕೋಳಿ ಲಿವರ್ ಬೇಯಿಸಿ ಮೆದು ಮಾಡಿ ಒಂದು ಚಮಚ ಕೊಡಿ. ಮಾಂಸದ ಕಬ್ಬಿಣ ಮೈಗೆ ಹತ್ತುವಷ್ಟು ಕಾಳುಕಡ್ಡಿಯದು ಹತ್ತುವುದಿಲ್ಲ. ಇದಕ್ಕೆ ಯಾರದೂ ತಕರಾರಿಲ್ಲ.

ಸಾತ್ವಿಕ_ಸದನ
“ಯಾರದೂ ತಕರಾರಿಲ್ಲ”? ನಮ್ಮದಿದೆ. ನುಗ್ಗೆ ಸೊಪ್ಪು, ಖರ್ಜೂರ, ನೆಲ್ಲಿಕಾಯಿ ಇರುವಾಗ ಮಗುವಿಗೆ ಯಕೃತ್ತು ತಿನ್ನಿಸುವ ಕರ್ಮ ಯಾಕೆ.

ಧಾರವಾಡ_ಪೇಢೆ
ನಿಮಗೆ ಯಾರು ತಿನ್ನಿಸಿದರ್ರೀ? ಕೇಳಿದ್ದು ಆಕೆ.

ಯಾಕೆ_ಅಂತ_ಕೇಳುವವ
ಎಲ್ಲರೂ ಕಬ್ಬಿಣ ಕಬ್ಬಿಣ ಅಂತೀರಿ. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಫ್ರಿಕಾದ ಜಾಂಜಿಬಾರ್‌ನ ಪೆಂಬಾ ದ್ವೀಪದ ಅಧ್ಯಯನ ಓದಿದ್ದೀರಾ? ಐರನ್ ಮತ್ತು ಫೋಲಿಕ್ ಆಸಿಡ್ ಕೊಟ್ಟ ಮಕ್ಕಳಲ್ಲೇ ತೀವ್ರ ಕಾಯಿಲೆ, ಸಾವು ಜಾಸ್ತಿ ಆಗಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿ ಕಂಪನಿಗಳು ಇದನ್ನು ಹೇಳುವುದಿಲ್ಲ.

ಲೇಬಲ್_ಓದಿ
ಓದಿದ್ದೇನೆ, ಪೂರ್ತಿ. ಅದು ಮಲೇರಿಯಾ ತುಂಬಿದ ಜಾಗ. ಕೊರತೆ ಇದೆಯೋ ಇಲ್ಲವೋ ನೋಡದೆ ಎಲ್ಲ ಮಕ್ಕಳಿಗೂ ಕೊಟ್ಟಿದ್ದರು. ಅದರದ್ದೇ ಒಳಗಿನ ಉಪ ಅಧ್ಯಯನದಲ್ಲಿ ಕಬ್ಬಿಣ ಕಡಿಮೆ ಇದ್ದು ರಕ್ತಹೀನತೆಯೂ ಇದ್ದ ಮಕ್ಕಳಿಗೆ ಒಳ್ಳೆಯದೇ ಆಗಿದೆ. ಆ ಭಾಗ ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ತುಮಕೂರಿನ ಮಗು, ಫೆರಿಟಿನ್ 6. ಸಮಸ್ಯೆ ಎಷ್ಟು ದೊಡ್ಡದು ಗೊತ್ತಾ? 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1 ರಕ್ತಹೀನರು.

ಯಾಕೆ_ಅಂತ_ಕೇಳುವವ
“ಶೇ 67.1”! ಬೆರಳ ತುದಿ ಚುಚ್ಚಿ ತೆಗೆದ ಹನಿಯಲ್ಲಿ ಅಳೆದ ಅಂಕಿ. ತೋಳಿನ ರಕ್ತನಾಳದಿಂದ ತೆಗೆದು ಅಳೆದ 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಇದು ಶೇ 41. ಯಾವುದು ದೊಡ್ಡದೋ ಅದನ್ನು ಎತ್ತಿಕೊಂಡು ಬರುವುದು ನಿಮ್ಮ ಅಭ್ಯಾಸ.

ಲೇಬಲ್_ಓದಿ
41 ಸಣ್ಣದಾ? ಬೆರಳು ಚುಚ್ಚಿದ ಲೆಕ್ಕ ಬೇಡ ಅಂದರೆ ಬಿಡೋಣ. ಈ ಮಗುವಿನ ರಕ್ತ ಲ್ಯಾಬಿನದು. ಅದಕ್ಕೇನು ಹೇಳುತ್ತೀರಿ?

ಪುಟ್ಟಿಅಮ್ಮ_ತುಮಕೂರು
ನಾನು ಇನ್ನೂ ಇಲ್ಲೇ ಇದ್ದೀನಿ 😐 ಡ್ರಾಪ್ಸ್ ಉಗಿದರೆ ಏನು ಮಾಡಲಿ ಅಂತ ಯಾರಾದರೂ ಹೇಳುತ್ತೀರಾ? ಆಶಾ ಅಕ್ಕ ಕೊಟ್ಟ ಸರ್ಕಾರದ ಸಿರಪ್ ಬಾಟಲಿಯೂ ಮನೆಯಲ್ಲಿದೆ. ಅದನ್ನೇ ಕೊಟ್ಟರೆ ಆಗಲ್ವಾ?

ಇಬ್ಬರು_ಮಕ್ಕಳ_ಅಪ್ಪ
ಅಕ್ಕಾ, ನಮ್ಮ ಎರಡನೆಯವನಿಗೂ ಇದೇ ಆಗಿತ್ತು. ಡ್ರಾಪರ್ ನಾಲಿಗೆ ಮೇಲೆ ಬೇಡ, ಕೆನ್ನೆಯ ಒಳಭಾಗಕ್ಕೆ, ಹಿಂದಕ್ಕೆ ಬಿಡಿ. ಹಲ್ಲಿಗೆ ತಾಗುವುದು ಕಡಿಮೆ. ಆಮೇಲೆ ನೀರು ಕುಡಿಸಿ, ಹಲ್ಲು ಉಜ್ಜಿ. ಆ ಕಪ್ಪು ಮೇಲಿನ ಕಲೆ, ಹೋಗುತ್ತೆ. ಕಕ್ಕ ಕಪ್ಪಗಾದರೆ ಗಾಬರಿ ಬೇಡ, ಐರನ್ ಕೊಟ್ಟರೆ ಹಾಗೇ. ಹಾಲಿನ ಜತೆ ಕೊಡಬೇಡಿ, ಊಟಗಳ ನಡುವೆ ಕೊಡಿ, ಮೇಲೆ ಎರಡು ಚಮಚ ಮೂಸಂಬಿ ರಸ. ಹಾಲನ್ನು ಅರ್ಧ ಲೀಟರಿಗೆ ಇಳಿಸಿ, ಬಾಟಲಿ ಬಿಟ್ಟು ಲೋಟಕ್ಕೆ ಬನ್ನಿ. ಹೊಟ್ಟೆ ಹಾಲಲ್ಲೇ ತುಂಬಿದರೆ ಊಟ ಎಲ್ಲಿಂದ ಹೋಗಬೇಕು? ಸರ್ಕಾರದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ, 20 ಮಿಲಿಗ್ರಾಂ ಕಬ್ಬಿಣ. ಅದು ಕೊರತೆ ಬರದಂತೆ ಕೊಡುವುದು. ಡ್ರಾಪ್ಸ್ ಜತೆ ಅದನ್ನೂ ಕೊಡಬೇಡಿ, ಡಾಕ್ಟರಿಗೆ ತೋರಿಸಿ. ಬಾಟಲಿ ಮಗುವಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ, ಜಾಸ್ತಿ ಕುಡಿದರೆ ಐರನ್ ವಿಷವೇ.
ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11 ಬಂತು ಅಂತ ಖುಷಿಯಲ್ಲಿ ನಿಲ್ಲಿಸಿಬಿಟ್ಟೆ. ಆರು ತಿಂಗಳಲ್ಲಿ ಮತ್ತೆ 9.8. ಒಳಗಿನ ಸಂಗ್ರಹ ತುಂಬುವವರೆಗೆ ಕೊಡಬೇಕಿತ್ತಂತೆ.

ಲೇಬಲ್_ಓದಿ
“ಡಾಕ್ಟರಿಗೆ ತೋರಿಸಿ” ಅಂದಿದ್ದು ಒಳ್ಳೇದು. ಅಲ್ಲಿ ಹೋದಾಗ ಯಾವ ಕಬ್ಬಿಣ ಅಂತಲೂ ಕೇಳಿ. ರುಚಿ ಚೆನ್ನಾಗಿರುವ ಪಾಲಿಸ್ಯಾಕರೈಡ್ ಐರನ್‌ಗಿಂತ ಹಳೇ ಫೆರಸ್ ಸಲ್ಫೇಟೇ ಹಿಮೋಗ್ಲೋಬಿನ್ ಜಾಸ್ತಿ ಏರಿಸಿತು ಅಂತ 2017ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಬಂದಿದೆ. ಅಲ್ಲಿ ಕೊಟ್ಟಿದ್ದು ಮಲಗುವ ಮುಂಚೆ ದಿನಕ್ಕೊಂದೇ ಸಲ, ಕೆಜಿಗೆ 3 ಮಿಲಿಗ್ರಾಂ. ನಾನು ಮೊದಲಿಂದಲೂ ಹೇಳಿದ್ದು ಇದೇ.

ರಾಗಿಮುದ್ದೆ_ಮಂಡ್ಯ
“ಮೊದಲಿಂದಲೂ” ನೀವು ಹೇಳಿದ್ದು 650 ಗ್ರಾಂ. ಇಬ್ಬರು ಮಕ್ಕಳ ಅಪ್ಪ ಹೇಳಿದ್ದು ನೋಡಿ, ಹಾಲು ಇಳಿಸಿ, ಊಟ ಏರಿಸಿ. ಊಟ ಅಂದರೆ ಏನು? ನಾನು ಅದನ್ನೇ ಹೇಳಿದ್ದು. ಹಾಲಲ್ಲಿ ಗಟ್ಟಿಯಾಗಿ ಕಾಯಿಸಿದ ಸರಿ ಎರಡು ಹೊತ್ತು...

ಕುಡ್ಲದಕ್ಕ
“ಹಾಲಲ್ಲಿ”!! ಇಷ್ಟು ಹೊತ್ತು ಹಾಲು ಹಾಕಿ ಮಾಡುವ ಸರಿಗೆ ಜಗಳ ಆಡಿದ್ರಾ ಮಾರಾಯ್ರೇ? ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ ಅಂತ ಈಗಷ್ಟೇ ಕೇಳಲಿಲ್ವಾ?

ರಾಗಿಮುದ್ದೆ_ಮಂಡ್ಯ
ನೀರಲ್ಲೂ ಮಾಡ್ತೀವಿ.

ಪುಟ್ಟಿಅಮ್ಮ_ತುಮಕೂರು
@ಇಬ್ಬರು_ಮಕ್ಕಳ_ಅಪ್ಪ ಕೆನ್ನೆ ಒಳಗೆ ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ನನ್ನ ಸೀರೆ ಮೇಲೆ. ಸೀರೆ ಕಲೆ ಹೋಗಲು ಏನಾದರೂ ಇದೆಯಾ?

ಹೊಸಬ_2
ಮೇಲಿನದೆಲ್ಲ ಓದಲಿಲ್ಲ. ನನ್ನ ಮಗನಿಗೂ ಐರನ್ ಕಡಿಮೆ ಇದೆ. ಗಮ್ಮಿಯಲ್ಲಿ ಯಾವುದು ಒಳ್ಳೇದು?