ಫೋಟೋ ಇಟ್ಟು ಟ್ರೇಸ್ ಮಾಡಿದ್ರೆ ಅದು ಮೋಸನಾ? ಅನುಭವ ಇರೋರು ಹೇಳಿ

ಕತ್ರಿಗುಪ್ಪೆ ಕುಂಚ
ಎಲ್ರಿಗೂ ನಮಸ್ಕಾರ. ಕೆಲಸ ಬಿಟ್ಮೇಲೆ ಮತ್ತೆ ಡ್ರಾಯಿಂಗ್ ಶುರು ಮಾಡಿದೀನಿ, ಸ್ಕೂಲಲ್ಲಿ ಲೋಯರ್ ಹೈಯರ್ ಡ್ರಾಯಿಂಗ್ ಪರೀಕ್ಷೆ ಎರಡೂ ಪಾಸ್ ಮಾಡಿದ್ದೆ ಅಷ್ಟೇ. ಈಗ ಕೆ.ಆರ್. ಮಾರ್ಕೆಟ್ ಹೂವಿನವರ ಮೇಲೆ ವಾಟರ್‌ಕಲರ್ ಸೀರೀಸ್ ಮಾಡ್ತಿದೀನಿ, ಸ್ಟಾಲ್ ಹಾಕಿ ಚಿತ್ರ ಮಾರೋ ಜನವರಿ ಚಿತ್ರಸಂತೆಗೆ ಅಪ್ಲೈ ಮಾಡೋ ಆಸೆ. ಫೋಟೋಗಳಲ್ಲಿ ಜಾಸ್ತಿ ನಾನೇ ಮೊಬೈಲಲ್ಲಿ ತೆಗೆದಿದ್ದು, ಎರಡು ಮಾತ್ರ ಇನ್‌ಸ್ಟಾಗ್ರಾಮಲ್ಲಿ ಸಿಕ್ಕಿದ್ದು. ಲೈಟ್‌ಪ್ಯಾಡ್ (ಕೆಳಗಿಂದ ಬೆಳಕು ಬರೋ ಹಲಗೆ) ಮೇಲೆ ಇಟ್ಟು ಔಟ್‌ಲೈನ್ ತೆಗೀತೀನಿ, ಬಣ್ಣ ಪೂರ್ತಿ ನಂದೇ. ಮೊನ್ನೆ ನಾದಿನಿ ಬಂದಿದ್ದೋಳು ನೋಡಿ "ಅತ್ತಿಗೆ, ಇದು ಚೀಟಿಂಗ್ ಅಲ್ವಾ?" ಅಂದ್ಲು. ಅವತ್ತಿಂದ ಬ್ರಷ್ ಮುಟ್ಟೋಕೇ ಮನಸ್ಸು ಬರ್ತಿಲ್ಲ. ನೀವೆಲ್ಲ ಹೇಗೆ ಮಾಡ್ತೀರಾ?

ಗಾಂಧಿನಗರ ಬ್ಯಾನರ್
ಮೋಸ ಅನ್ನೋರು ಒಂದ್ಸಲ ನಲವತ್ತಡಿ ಕಟೌಟ್ ಬರೆದು ತೋರಿಸ್ಲಿ ಸ್ವಾಮಿ. ನಾನು ಮೀಸೆ ಬರೋಕೆ ಮುಂಚೆ ಬ್ಯಾನರ್ ಶೆಡ್ಡಿಗೆ ಸೇರಿದೋನು. ಪ್ರೊಡಕ್ಷನ್‌ನೋರು ಸಿನಿಮಾದ ಒಂದು ಸ್ಟಿಲ್ ಫೋಟೋ ಕೊಡೋರು, ಅಂಗೈ ಅಗಲ, ಎಷ್ಟೋ ಸಲ ಕಪ್ಪು ಬಿಳುಪು. ಅದರ ಮೇಲೆ ಪೆನ್ಸಿಲಲ್ಲಿ ಚೌಕ ಹಾಕ್ಬೇಕು, ಬಟ್ಟೆ ಮೇಲೆ ದಾರಕ್ಕೆ ಬಣ್ಣದ ಪುಡಿ ಬಳಿದು ಇಬ್ರು ಎರಡು ಕಡೆ ಹಿಡ್ಕೊಂಡು ಚಟ್ ಅಂತ ಎಳೆದು ಬಿಡ್ಬೇಕು, ಗೆರೆ ಬೀಳುತ್ತೆ. ಒಂದು ಚೌಕ ತಪ್ಪಿದ್ರೂ ಹೀರೋ ಕಣ್ಣು ಕೆನ್ನೆಗೆ ಇಳಿಯುತ್ತೆ. ಹತ್ತಿರ ನಿಂತ್ರೆ ಬರೀ ಪಟ್ಟೆ ಪಟ್ಟೆ, ಕೆಂಪು ಪಕ್ಕ ಹಸಿರು, ಅದರ ಪಕ್ಕ ನೀಲಿ. ರಸ್ತೆ ಆಚೆಗೆ ಹೋಗಿ ನೋಡಿದ್ರೆ ಮುಖ ಎದ್ದು ಬರುತ್ತೆ. ಕಪ್ಪು ಬಿಳುಪು ಫೋಟೋದಲ್ಲಿ ಆ ಹಸಿರು ಎಲ್ಲಿತ್ತು? ಅದು ನಮ್ಮ ಮೇಸ್ತ್ರಿ ಕೈಯಲ್ಲಿತ್ತು. ಆಮೇಲೆ ಫ್ಲೆಕ್ಸ್ ಬಂತು, ಚದರಡಿ ಲೆಕ್ಕ, ರಾತ್ರಿ ಕೊಟ್ರೆ ಬೆಳಿಗ್ಗೆ ರೆಡಿ. ಶೆಡ್ ಬಾಡಿಗೆ ಕಟ್ಟೋಕಾಗ್ದೆ ಬಣ್ಣದ ಡಬ್ಬ ಎಲ್ಲ ಅರ್ಧ ರೇಟಿಗೆ ಮಾರಿದ್ವಿ. 2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿ ಬಿಬಿಎಂಪಿ ಫ್ಲೆಕ್ಸ್ ನಿಷೇಧ ಮಾಡ್ದಾಗ ಇನ್ನೇನು ಕೈಕೆಲಸ ವಾಪಸ್ ಬರುತ್ತೆ ಅಂತ ನಮ್ಮೋರು ಕಾದಿದ್ದೇ ಬಂತು. ಜೀವಮಾನವಿಡೀ ಫೋಟೋ ನೋಡಿ ಬರೆದಿದೀನಿ, ನನ್ನನ್ನ ಯಾರೂ ಕಳ್ಳ ಅಂದಿಲ್ಲ.

ಫ್ರೀಹ್ಯಾಂಡ್ ರಾಜಾಜಿನಗರ
ಸರ್, ಚೌಕ ಹಾಕೋದು ಬೇರೆ, ಟ್ರೇಸಿಂಗ್ ಬೇರೆ, ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ. ಚೌಕದಲ್ಲೂ ಕಣ್ಣು ಅಳತೆ ಮಾಡ್ಲೇಬೇಕು. ಟ್ರೇಸಿಂಗಲ್ಲಿ ಏನಿದೆ? ನಾನು ಪೆನ್ಸಿಲ್ ಪೋರ್ಟ್ರೇಟ್ ಕಮಿಷನ್ ಮಾಡ್ತೀನಿ, ಎ3 ಸೈಜಿಗೆ 4,500. ಅದ್ರಲ್ಲಿ ನಂಗೇನು ಉಳಿಯುತ್ತೆ ಕೇಳಿ. ಒಳ್ಳೆ ಕಾಗದ ಒಂದು ಶೀಟು 180, ಪೆನ್ಸಿಲ್ ರಬ್ಬರ್ ಸ್ಟಂಪ್ ಎಲ್ಲ ಸೇರಿ 150 ಅಂತ ಇಟ್ಕೊಳ್ಳಿ, ಫ್ರೇಮ್ 1,100, ಗಾಜಿನ ಫ್ರೇಮ್ ಆದ್ರಿಂದ ಪ್ಯಾಕಿಂಗ್ ಕೊರಿಯರ್ 450. ಹೋದ ವರ್ಷ ಒಂದು ಗಾಜು ಒಡೆದು ಹೋಯ್ತು, ಚೂರು ಕಾಗದದ ಮೇಲೆ ಗೀಚಿ ಕೆನ್ನೆ ಮೇಲೆ ಉದ್ದಕ್ಕೆ ಗೆರೆ. ಮತ್ತೆ ಮೊದಲಿಂದ ಬರೆದೆ, ಮತ್ತೆ ಫ್ರೇಮ್, ಮತ್ತೆ ಕೊರಿಯರ್. ಕೊರಿಯರ್‌ನೋರು ಒಂದು ಪೈಸೆ ಕೊಡ್ಲಿಲ್ಲ. ಇಷ್ಟೆಲ್ಲ ಒದ್ದಾಡ್ತಿದ್ರೆ ನಮ್ಮ ಏರಿಯಾದಲ್ಲೇ ಒಬ್ಬ 1,200ಕ್ಕೆ ಕೊಡ್ತಾನೆ. ಫೋಟೋನ ಕಾಗದದ ಮೇಲೆ ತೆಳ್ಳಗೆ ಪ್ರಿಂಟ್ ಹೊಡೆದು ಅದರ ಮೇಲೆ ಶೇಡ್ ಮಾಡ್ತಾನೆ. ಕಸ್ಟಮರ್‌ಗೆ "ಹ್ಯಾಂಡ್‌ಮೇಡ್" ಅಂತಾನೆ. ನನ್ನ ಹತ್ರ ಮದುವೆ ಆನಿವರ್ಸರಿಗೆ ಮಾಡಿಸ್ತಿದ್ದ ಫ್ಯಾಮಿಲಿ ಈ ಸಲ ಅವನ ಹತ್ರ ಹೋದ್ರು. ಇದು ಮೋಸ ಅಲ್ದೆ ಇನ್ನೇನು?

ಮಲ್ಲೇಶ್ವರಂ ಗೆಸ್ಸೋ
ಫ್ರೀಹ್ಯಾಂಡ್ ಅವ್ರೇ, ಆ ಮನುಷ್ಯ ಸುಳ್ಳು ಹೇಳಿದ್ದು ತಪ್ಪು, ಅದನ್ನ ಬೈರಿ. ಟ್ರೇಸಿಂಗ್ ಅನ್ನೋ ಕೆಲಸವನ್ನೇ ಯಾಕೆ ಬೈತೀರಾ? ನಾನು ಮೈಸೂರು ಶೈಲಿ ದೇವರ ಚಿತ್ರ ಮಾಡ್ತೀನಿ. ನಮ್ಮ ಗುರುಗಳ ಹತ್ರ ಅವರ ಗುರುಗಳ ಕಾಲದ ಹಾಳೆಗಳಿವೆ, ಗೆರೆ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿರೋದು. ಬೋರ್ಡ್ ಮೇಲೆ ಇಟ್ಟು ಬಟ್ಟೆ ಗಂಟಲ್ಲಿ ಇದ್ದಿಲ ಪುಡಿ ಕಟ್ಟಿ ಮೆತ್ತಗೆ ತಟ್ಟಿದ್ರೆ ಚುಕ್ಕಿ ಚುಕ್ಕಿಯಾಗಿ ರಾಜರಾಜೇಶ್ವರಿ ಇಳೀತಾಳೆ. ದೇವಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು ಅನ್ನೋದು ಧ್ಯಾನಶ್ಲೋಕದಲ್ಲಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ವನಿಧಿ ಗ್ರಂಥದಲ್ಲಿ ಚಿತ್ರ ಸಮೇತ ಇದೆ. ನಾನು ನನ್ನ ಇಷ್ಟಕ್ಕೆ ಫ್ರೀಹ್ಯಾಂಡಲ್ಲಿ ಪಾಶ ಅಂಕುಶ ಅದಲು ಬದಲು ಮಾಡೋ ಹಾಗೇ ಇಲ್ಲ. ಚಿತ್ರ ಇಳಿಸೋದು ಒಂದು ಮಧ್ಯಾಹ್ನದ ಕೆಲಸ. ಆಮೇಲಿಂದು ತಿಂಗಳುಗಟ್ಟಲೆ. ಹೋದ ಮಳೆಗಾಲದಲ್ಲಿ ಕಿರೀಟದ ಗೆಸ್ಸೋ (ಚಿನ್ನದ ಕೆಳಗೆ ಉಬ್ಬು ಬರೋಕೆ ಹಚ್ಚೋ ಪೇಸ್ಟ್) ಒಣಗದೆ ಕೂತು, ಆಮೇಲೆ ಒಂದೇ ಸಲ ಬಿಸಿಲು ಬಿದ್ದು ಸೀಳ್ತು, ಅದರ ಮೇಲೆ ಅಂಟಿಸಿದ್ದ ಚಿನ್ನದ ಹಾಳೆ ಸಮೇತ ಎದ್ದು ಬಂತು. ಬರೀ ಚಿನ್ನಕ್ಕೇ ಒಂಬತ್ತು ಸಾವಿರ ಸುರಿದಿದ್ದೆ. ಅಷ್ಟನ್ನೂ ಚಾಕು ತುದೀಲಿ ಕೆರೆದು ತೆಗೆದೆ. ಟ್ರೇಸಿಂಗ್ ಸುಲಭದ ದಾರಿ ಅಂತ ಯಾರಾದ್ರೂ ನನ್ನ ಮುಂದೆ ಹೇಳ್ಲಿ.

ಫ್ರೀಹ್ಯಾಂಡ್ ರಾಜಾಜಿನಗರ
ಸಂಪ್ರದಾಯದ ಮಾತು ಬೇರೆ ಮೇಡಂ. ನಾನು ಹೇಳ್ತಿರೋದು ಮಾರ್ಕೆಟ್ ಬಗ್ಗೆ. ನಿಮ್ಮ ಹೊಟ್ಟೆಪಾಡು ಇದ್ರ ಮೇಲೆ ನಿಂತಿದ್ಯಾ?

ಮಲ್ಲೇಶ್ವರಂ ಗೆಸ್ಸೋ
ನಿಂತಿದೆ. ಮಗನ ಪಿಯುಸಿ ಫೀಸು ಇದ್ರಲ್ಲೇ ಕಟ್ಟಿದೀನಿ. ತಿಳ್ಕೊಂಡು ಮಾತಾಡಿ.

ಹೆಸರಘಟ್ಟ ಲೆನ್ಸ್
ಎಲ್ರೂ ಬರೆಯೋರ ಕಷ್ಟ ಹೇಳ್ತಿದೀರಿ. ಫೋಟೋ ತೆಗೆದೋನ ಬಗ್ಗೆ ಒಬ್ರೂ ಮಾತಾಡ್ಲಿಲ್ಲ. ಚಳಿಗಾಲದಲ್ಲಿ ಹೆಸರಘಟ್ಟ ಹುಲ್ಲುಗಾವಲಿಗೆ ಹ್ಯಾರಿಯರ್ ಹಕ್ಕಿಗಳು ವಲಸೆ ಬರ್ತವೆ. ಅದಕ್ಕೇ ಅಂತ ಸೆಕೆಂಡ್ ಹ್ಯಾಂಡ್ 150-600 ಲೆನ್ಸ್ ತಗೊಂಡೆ, 62,000, ಇಎಂಐ ಇನ್ನೂ ಇದೆ. ಮಂಜಲ್ಲಿ ಇಬ್ಬನಿ ಒಳಗೆ ಹೋಗಿ ಫಂಗಸ್ ಕಟ್ತು, ಕ್ಲೀನಿಂಗ್‌ಗೆ 5,800. ಅಷ್ಟು ಪಾಡು ಪಟ್ಟು ತೆಗೆದ ಒಂದು ಫೋಟೋನ ಒಬ್ರು ಇದ್ದದ್ದು ಇದ್ದ ಹಾಗೆ ಆಕ್ರಿಲಿಕ್‌ನಲ್ಲಿ ಮಾಡಿ 18,000ಕ್ಕೆ ಮಾರಿದ್ರು. ರೆಕ್ಕೆ ಕೋನ ಅದೇ, ಹಿಂದಿನ ಒಣ ಹುಲ್ಲು ಅದೇ, ಎಡಗಡೆ ಮುರಿದ ಬೇಲಿ ಕಂಬ ಕೂಡ ಅದೇ. ಕೇಳಿದ್ರೆ "ನಾನು ಬಣ್ಣ ಬದಲಾಯಿಸಿದೀನಿ" ಅಂದ್ರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, 2012ರ ತಿದ್ದುಪಡಿ ಆದ್ಮೇಲೆ, ಫೋಟೋಗೆ ತೆಗೆದೋನು ಬದುಕಿರೋವರೆಗೂ, ಅವನು ಸತ್ತ ಮೇಲೆ ಇನ್ನೂ 60 ವರ್ಷ ಹಕ್ಕಿದೆ. ಇನ್‌ಸ್ಟಾಗ್ರಾಮಲ್ಲಿ ಹಾಕಿದ ಕೂಡ್ಲೆ ಅದು ಊರ ಆಸ್ತಿ ಆಗಲ್ಲ.

ಗಾಂಧಿನಗರ ಬ್ಯಾನರ್
ನಮಗೆ ಸ್ಟಿಲ್ ಕೊಟ್ಟಿದ್ದು ನಿರ್ಮಾಪಕರೇ. ನಮ್ಮನ್ನ ಈ ಲೆಕ್ಕಕ್ಕೆ ಸೇರಿಸ್ಬೇಡಪ್ಪ.

ಹೆಸರಘಟ್ಟ ಲೆನ್ಸ್
ನಿಮಗೆ ಹೇಳ್ಲಿಲ್ಲ ಸರ್. ನಿಮ್ಮ ಬಗ್ಗೆ ಗೌರವ ಇದೆ.

ಬೆಳ್ಳಂದೂರು ಟ್ಯಾಬ್ಲೆಟ್
ಲೆನ್ಸ್ ಅವ್ರು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅದನ್ನ ಅನುಭವಿಸಿದೋನು. ಒಂದು ಕಂಪನಿ ಕ್ಯಾಲೆಂಡರ್‌ಗೆ ಡಿಜಿಟಲ್ ಇಲ್ಲಸ್ಟ್ರೇಷನ್ ಕೇಳಿದ್ರು, ಫೋಟೋ ಅವರೇ ಕೊಟ್ರು, "ರೈಟ್ಸ್ ನಮ್ಮ ಹತ್ರ ಇದೆ" ಅಂತ ಮೀಟಿಂಗಲ್ಲಿ ಬಾಯಲ್ಲಿ ಹೇಳಿದ್ರು. ಪ್ರಿಂಟ್ ಆದ್ಮೇಲೆ ಫೋಟೋಗ್ರಾಫರ್ ಕಡೆಯಿಂದ ನೋಟಿಸ್ ಬಂದಿದ್ದು ನನ್ನ ಹೆಸರಿಗೆ! ವಕೀಲರ ಉತ್ತರಕ್ಕೆ 7,500, ಸೆಟಲ್‌ಮೆಂಟಲ್ಲಿ ನನ್ನ ಪಾಲು 20,000, ನನ್ನ ಫೀಸಿನ ಎರಡನೇ ಕಂತು 35,000 ಇವತ್ತಿನವರೆಗೂ ಬಂದಿಲ್ಲ. ಈಗ ಯಾವ ಫೋಟೋ ಕೊಟ್ರೂ ಮೇಲ್‌ನಲ್ಲಿ ಬರೆಸ್ಕೊಳ್ದೆ ಫೈಲ್ ಓಪನ್ ಕೂಡ ಮಾಡಲ್ಲ. ಅಮೆರಿಕದ ಚಿತ್ರಕಾರ ಆಂಡಿ ವಾರ್‌ಹಾಲ್ ಕೇಸ್ ಓದಿ ಎಲ್ರೂ. ಲಿನ್ ಗೋಲ್ಡ್‌ಸ್ಮಿತ್ ಅನ್ನೋ ಫೋಟೋಗ್ರಾಫರ್ 1981ರಲ್ಲಿ ಹಾಡುಗಾರ ಪ್ರಿನ್ಸ್ ಫೋಟೋ ತೆಗೆದಿದ್ರು, 1984ರಲ್ಲಿ ಒಂದು ಮ್ಯಾಗಜೀನ್ ಒಂದೇ ಸಲದ ಬಳಕೆಗೆ ಅಂತ 400 ಡಾಲರ್ ಕೊಟ್ಟು ತಗೊಂಡು ವಾರ್‌ಹಾಲ್ ಕೈಲಿ ಚಿತ್ರ ಮಾಡಿಸ್ತು. ಅವರು ಅದೇ ಫೋಟೋದಿಂದ ಇನ್ನೂ ಬೇಕಾದಷ್ಟು ಮಾಡಿಟ್ರು. ಅದ್ರಲ್ಲೊಂದನ್ನ 2016ರಲ್ಲಿ ಅವರ ಫೌಂಡೇಶನ್ 10,000 ಡಾಲರ್‌ಗೆ ಮ್ಯಾಗಜೀನ್‌ಗೆ ಕೊಡ್ತು, ಫೋಟೋಗ್ರಾಫರ್‌ಗೆ ಸೊನ್ನೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಗೋಲ್ಡ್‌ಸ್ಮಿತ್ ಪರ ತೀರ್ಪು ಕೊಡ್ತು. ಅದು ಅಲ್ಲಿನ ಕಾನೂನು, ಸರಿ. ಆದ್ರೆ ಅಷ್ಟು ದೊಡ್ಡ ಹೆಸರಿಗೇ ಬಿಡ್ಲಿಲ್ಲ ಅಂದ್ಮೇಲೆ ನಾವು ಯಾವ ಲೆಕ್ಕ.

ಹೂವಿನ ಮನೆ
ನಾನು ಬರೆಯೋಳಲ್ಲ, ತಂಗಿ ಕಳಿಸಿದ್ಲು ಅಂತ ಓದ್ದೆ. ನಮ್ಮಮ್ಮ ಕೆ.ಆರ್. ಮಾರ್ಕೆಟಲ್ಲಿ ಸೇವಂತಿಗೆ ಕನಕಾಂಬರ ಮಾರ್ತಾರೆ. ಕಾಪಿರೈಟು ನೋಟಿಸು ಅಂತ ಇಷ್ಟು ಮಾತಾಡ್ತಿದೀರಲ್ಲ, ಫೋಟೋದಲ್ಲಿ ಇರೋರ ಬಗ್ಗೆ ಯಾರಾದ್ರೂ ಒಂದು ಮಾತು ಆಡಿದ್ರಾ? ಭಾನುವಾರ ಬಂದ್ರೆ ಸಾಕು ಕ್ಯಾಮೆರಾ ಹಿಡ್ಕೊಂಡು ಗುಂಪು ಗುಂಪಾಗಿ ಬರ್ತಾರೆ, ನಸುಕಲ್ಲಿ ವ್ಯಾಪಾರದ ಹೊತ್ತಲ್ಲಿ ಮೂಟೆ ಇಳಿಸೋ ದಾರೀಲೇ ಕೂತ್ಕೋತಾರೆ, ಗಿರಾಕಿ ನಿಲ್ಲೋಕೆ ಜಾಗ ಇರಲ್ಲ. ಕೇಳೋದೂ ಇಲ್ಲ, ಒಂದು ಮೊಳ ಹೂ ತಗೊಳೋದೂ ಇಲ್ಲ. ನಮ್ಮಮ್ಮನ ಮುಖ ಯಾವುದೋ ಕೆಫೆ ಗೋಡೆ ಮೇಲೆ ಇದೆ ಅಂತ ಪಕ್ಕದ ಮನೆಯೋರು ಬಂದು ಹೇಳಿದ್ಮೇಲೆ ನಮಗೆ ಗೊತ್ತಾಗಿದ್ದು. ಅಮ್ಮ ಅವತ್ತು ಹಳೇ ಸೀರೆ ಉಟ್ಟಿದ್ರು, ಅದೇ ಅವರಿಗೆ ದೊಡ್ಡ ಬೇಜಾರು.

ಹೆಸರಘಟ್ಟ ಲೆನ್ಸ್
ನಾನು ಹಕ್ಕಿ ತೆಗೆಯೋನು ಮೇಡಂ, ಮಾರ್ಕೆಟ್‌ಗೆ ಬರಲ್ಲ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯೋಕೆ ಅಡ್ಡಿ ಇಲ್ಲ ಅಂತ ಮಾತ್ರ ಹೇಳ್ತೀನಿ.

ಹೂವಿನ ಮನೆ
ಅಡ್ಡಿ ಇಲ್ಲ ಅಂತ ಮುಖದ ಮುಂದೆ ಲೆನ್ಸ್ ಹಿಡೀಬೋದಾ? ನಿಮ್ಮ ತಾಯಿ ಮುಂದೆ ಹಿಡಿದ್ರೆ ಸುಮ್ನಿರ್ತೀರಾ?

ಡ್ರಾಯಿಂಗ್ ಮೇಷ್ಟ್ರು, ಜಯನಗರ
ಸ್ವಲ್ಪ ಸಮಾಧಾನ. ಕತ್ರಿಗುಪ್ಪೆ ಅಮ್ಮ ಕೇಳಿದ್ದು ಕಲೆ ಬಗ್ಗೆ. ಮಕ್ಕಳಿಗೆ ಹೇಳ್ಕೊಟ್ಟೇ ಕೂದಲು ಬೆಳ್ಳಗಾಗಿದೆ, ಹಾಗಾಗಿ ಹೇಳ್ತೀನಿ. ರಾಜಾ ರವಿವರ್ಮನೂ ಫೋಟೋ ನೋಡಿ ಕೆಲಸ ಮಾಡಿದೋನೇ, ಮೈಸೂರು ಜಗನ್ಮೋಹನ ಅರಮನೆಗೆ ಹೋಗಿ ಅವನ ಚಿತ್ರದ ಮುಂದೆ ನಿಂತು ಕೈಬೆರಳು, ಸೀರೆ ನೆರಿಗೆ ನೋಡಿ, ಫೋಟೋ ನಕಲು ಅನ್ನಿಸುತ್ತಾ? ತೊಂದರೆ ಇರೋದು ಬೇರೆ ಕಡೆ. ಮೊಬೈಲನ್ನ ಹತ್ತಿರ ಹಿಡಿದು ತೆಗೆದ ಮುಖದಲ್ಲಿ ಮೂಗು ಉಬ್ಬುತ್ತೆ, ಕಿವಿ ಹಿಂದಕ್ಕೆ ಓಡುತ್ತೆ, ಮುಂದೆ ಚಾಚಿದ ಕೈ ತಲೆಗಿಂತ ದೊಡ್ಡದಾಗುತ್ತೆ. ಕಣ್ಣು ಅದನ್ನ ಸರಿಮಾಡ್ಕೊಂಡು ನೋಡುತ್ತೆ, ಲೈಟ್‌ಪ್ಯಾಡ್ ಮಾಡಲ್ಲ. ನೆರಳು ಬೇರೆ, ಫೋಟೋದಲ್ಲಿ ಬರೀ ಕಪ್ಪು. ನಿಜವಾದ ನೆರಳಲ್ಲಿ ಸೇವಂತಿಗೆ ರಾಶಿಯ ಹಳದಿ ಗಲ್ಲದ ಕೆಳಗೆ ಬಂದು ಬಡಿದಿರುತ್ತೆ. ಟ್ರೇಸ್ ಮಾಡಿದ ಚಿತ್ರ ನನ್ನ ಕೈಗೆ ಬಂದ್ರೆ ಆ ಗಲ್ಲ ನೋಡಿಯೇ ಹೇಳ್ತೀನಿ. ಕಸ್ತೂರಬಾ ರಸ್ತೆ ವೆಂಕಟಪ್ಪ ಗ್ಯಾಲರೀಲಿ ವೆಂಕಟಪ್ಪನವರ ಊಟಿ ಜಲವರ್ಣಗಳಿವೆ, ಮಂಜು ಹೇಗೆ ಕೂತಿದೆ ನೋಡ್ಕೊಂಡು ಬನ್ನಿ. ಟ್ರೇಸ್ ಮಾಡಿ ತಪ್ಪಿಲ್ಲ, ಆದ್ರೆ ವಾರಕ್ಕೊಂದ್ಸಲ ಆದ್ರೂ ಎದುರು ಕೂತು ಬರೀರಿ.

ಫ್ರೀಹ್ಯಾಂಡ್ ರಾಜಾಜಿನಗರ
ಮೇಷ್ಟ್ರೇ, ನಿಮ್ಮಂಥೋರೇ "ತಪ್ಪಿಲ್ಲ" ಅಂದ್ರೆ ನಮ್ಮಂಥೋರ ಗತಿ ಏನು? ಅಳತೆ ಕಲಿಯೋಕೆ ನಾನು ಲಾಲ್‌ಬಾಗಲ್ಲಿ ವರ್ಷಗಟ್ಟಲೆ ಕೂತು ಮೈ ಸವೆಸಿದೀನಿ.

ಡ್ರಾಯಿಂಗ್ ಮೇಷ್ಟ್ರು, ಜಯನಗರ
ಅದಕ್ಕೇ ನಿನ್ನ ಕೆಲಸಕ್ಕೆ 4,500 ಬರ್ತಿರೋದು ಮಗೂ. ಆ 1,200ರೋನ ಜೊತೆ ಪೈಪೋಟಿಗೆ ಇಳೀಬೇಡ.

ಕತ್ರಿಗುಪ್ಪೆ ಕುಂಚ
ಎಲ್ರಿಗೂ ಥ್ಯಾಂಕ್ಸ್. ಹಾಗಾದ್ರೆ ಆ ಇನ್‌ಸ್ಟಾಗ್ರಾಮ್ ಎರಡು ಚಿತ್ರ ಬಿಟ್ಟುಬಿಡ್ಲಾ? ಒಂದು ಆಗ್ಲೇ ಮುಗಿದಿದೆ, ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ಬೆಳ್ಳಂದೂರು ಟ್ಯಾಬ್ಲೆಟ್
ಮನೇಲಿ ಹಾಕ್ಕೊಳ್ಳಿ, ಸ್ಟಾಲಲ್ಲಿ ಇಡ್ಬೇಡಿ. ಇಲ್ಲ ಫೋಟೋಗ್ರಾಫರ್‌ಗೆ ಮೆಸೇಜ್ ಹಾಕಿ ಕೇಳಿ, ಒಪ್ಪಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಅಂದಹಾಗೆ 300 ಜಿಎಸ್‌ಎಮ್ ದಪ್ಪ ಕಾಗದದಲ್ಲಿ ಲೈಟ್‌ಪ್ಯಾಡ್ ಕಾಣುತ್ತಾ ನಿಮಗೆ? ನಂದು ರೂಮ್ ಪೂರ್ತಿ ಕತ್ತಲೆ ಮಾಡಿದ್ರೂ ಕಾಣ್ತಿರ್ಲಿಲ್ಲ, 2,300 ಕೊಟ್ಟಿದ್ದು, ಒಂದು ಮೂಲೆ ಎಲ್‌ಇಡಿ ಆಗ್ಲೇ ಹೋಯ್ತು.

ಹೂವಿನ ಮನೆ
ಅಕ್ಕ, ನೀವು ತೆಗೆದಿರೋ ಫೋಟೋಲಿ ಇರೋರಿಗೂ ಚಿತ್ರ ತೋರಿಸಿ. ಹನ್ನೊಂದು ಗಂಟೆ ಮೇಲೆ ಬಂದ್ರೆ ವ್ಯಾಪಾರ ಕಮ್ಮಿ, ಕೂತು ಮಾತಾಡ್ತಾರೆ.

ಗಾಂಧಿನಗರ ಬ್ಯಾನರ್
ಗೆಸ್ಸೋ ತಾಯಿ, ಚಿನ್ನದ ಹಾಳೆಗೆ ಒಂಬತ್ತು ಸಾವಿರ ಯಾಕೆ ಕೊಟ್ರಿ? ಪೇಟೇಲಿ ಇನ್ನೂರು ಮುನ್ನೂರಕ್ಕೆ ಕಟ್ಟುಗಟ್ಟಲೆ ಸಿಗುತ್ತೆ, ನಾವು ಟೈಟಲ್ ಅಕ್ಷರಕ್ಕೆ ಅದನ್ನೇ ಹಾಕ್ತಿದ್ವಿ.

ಮಲ್ಲೇಶ್ವರಂ ಗೆಸ್ಸೋ
ಅಣ್ಣ, ಅದು ಹಿತ್ತಾಳೆ ಹಾಳೆ. ಬ್ಯಾನರ್‌ಗೆ ನಡೆಯುತ್ತೆ, ನೂರು ದಿನ ಓಡಿದ್ರೂ ಸಿನಿಮಾ ಎತ್ತುತ್ತಾರೆ. ನಾನು ಮಾಡಿದ್ದು ಜನರ ದೇವರಮನೇಲಿ ಇರುತ್ತೆ, ಅಲ್ಲಿ ಹಿತ್ತಾಳೆ ಹಾಕಿದ್ರೆ ಕಪ್ಪಾಗುತ್ತೆ. ನಾನು ಹಾಕಲ್ಲ.